ಮನೆಯಲ್ಲಿ ಮಾತ್ರ ಸಾಯುವ ಬ್ಯಾಟರಿ

ನಿವೃತ್ತಿಯಾದ ಮೇಲೆ ನೀಲಗಂಗಮ್ಮ ಬೆಳಗಿನ ವಾಕಿಂಗಿಗೆ ಬಸವೇಶ್ವರನಗರದಿಂದ ರಾಜಾಜಿನಗರದ ಕಡೆಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಆ ದಾರಿಯಲ್ಲಿ ಒಂದು ಹಳೆಯ ಬಂಗಲೆಯ ಗೇಟಿನೊಳಗೆ ಉದ್ದನೆಯ ಕಪ್ಪು ಕಾರೊಂದು ವರ್ಷದಿಂದ ದೂಳು ಹೊದ್ದುಕೊಂಡು ನಿಂತಿತ್ತು. ಜರ್ಮನಿಯ ಕಾರು, ಹದಿನೈದು ವರ್ಷ ಹಳೆಯದು. ಒಂದು ದಿನ ವಾಚ್‌ಮನ್‌ನನ್ನು ಕೇಳಿ ಒಳಗೆ ಹೋಗಿ ಕಿಟಕಿಗೆ ಕೈ ಅಡ್ಡ ಹಿಡಿದು ಇಣುಕಿದರು. ಹಿಂದಿನ ಬಾಗಿಲಿನಲ್ಲೇ, ಸೀಟು ಹಿಂದೆಮುಂದೆ ಸರಿಸಲು, ಸೀಟಿನದೇ ಆಕಾರದ ಪುಟ್ಟ ಪುಟ್ಟ ಗುಂಡಿಗಳಿದ್ದವು. ಒಂದು ಬಾಗಿಲಿಗೇ ಇಷ್ಟು ಗುಂಡಿಯಾದರೆ ಇಡೀ ಗಾಡಿಯಲ್ಲಿ ಎಷ್ಟು ವೈರು ಓಡಾಡುತ್ತಿರಬಹುದು?

ಮೂವತ್ನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನುಗಳ ದೋಷ ಹುಡುಕಿದ ಹೆಂಗಸು ಅವರು. ಆ ಪ್ರಶ್ನೆ ಮನೆಯವರೆಗೂ ಹಿಂಬಾಲಿಸಿ ಬಂತು, ಊಟಕ್ಕೆ ಕೂತಾಗಲೂ ಎದ್ದು ಹೋಗಲಿಲ್ಲ. ತಿಂಗಳೊಳಗೆ ಬಂಗಲೆಯ ಮಾಲೀಕರ ಮಗಳು ಲತಾ ಜೊತೆ ಮಾತುಕತೆ ಮುಗಿದು, ಕಾರು ನೀಲಗಂಗಮ್ಮನ ಮನೆಯ ಪೋರ್ಟಿಕೋದಲ್ಲಿತ್ತು.

ಮನೆಯಲ್ಲಿ ಮೊದಲಿದ್ದ ಪುಟ್ಟ ಕಾರನ್ನು ಇಪ್ಪತ್ತು ವರ್ಷ ಓಡಿಸಿದ್ದವರು ನೀಲಗಂಗಮ್ಮನೇ. ಗಂಡ ಗುರುಬಸಪ್ಪ ಡ್ರೈವಿಂಗ್ ಕಲಿಯುವ ಗೋಜಿಗೆ ಹೋಗಿರಲಿಲ್ಲ. ಹೊಸದಾಗಿ ಬಂದ ಈ ಹಳೆಯ ಕಾರು ಪೋರ್ಟಿಕೋದ ಮೂಲೆಮೂಲೆಯನ್ನೂ ತುಂಬಿಕೊಂಡಿತ್ತು. ಗೋಡೆಗೂ ಕಾರಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಉಳಿಯಿತು, ಅಷ್ಟೇ. ಆ ಜಾಗದ ಮೇಲೆಯೇ ಗುರುಬಸಪ್ಪನವರ ಬಟ್ಟೆ ಒಣಹಾಕುವ ಹಗ್ಗ. ಮಂಡಿನೋವಿನಿಂದಾಗಿ ಅವರು ಟೆರೇಸು ಹತ್ತುತ್ತಿರಲಿಲ್ಲ.

"ನಿನ್ನ ಕಾರಿಗಿಂತ ಮೊದ್ಲು ನನ್ನ ಪಂಚೆ ಇಲ್ಲಿತ್ತು, ನೀಲಾ," ಎಂದರು ಗುರುಬಸಪ್ಪ. "ಅದು ಜಾಗ ಬಿಡಲ್ಲ."

"ಬಿಡಿ ಅಂತ ಯಾರು ಹೇಳಿದ್ರು? ಇರ್ಲಿ," ಎಂದರು ನೀಲಗಂಗಮ್ಮ.

ಮೊದಲ ವಾರ ಸುಖವಾಗಿ ಕಳೆಯಿತು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಹೊರಗಿನ ಹಾರನ್ನುಗಳೆಲ್ಲ ಪಕ್ಕದೂರಿನವೇನೋ ಎನ್ನುವಂತೆ ಕೇಳುತ್ತಿದ್ದವು. ಎರಡನೇ ವಾರದ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಲೈಟಿಲ್ಲ, ಸದ್ದಿಲ್ಲ. ಬ್ಯಾಟರಿ ಪೂರ್ತಿ ಖಾಲಿ. ಚಾರ್ಜ್ ಮಾಡಿದರು. ಒಂದು ದಿನ ಸರಿಯಿತ್ತು, ಮಾರನೇ ಬೆಳಿಗ್ಗೆ ಮತ್ತೆ ಹಾಗೇ. ಹೊಸ ಬ್ಯಾಟರಿ ಹಾಕಿಸಿದರು. ಅದೂ ದಿನ ಬಿಟ್ಟು ದಿನ ಸಾಯತೊಡಗಿತು.

ಕಂಪನಿಯ ಸರ್ವೀಸ್ ಸೆಂಟರ್ ಇದ್ದದ್ದು ನಗರದ ಇನ್ನೊಂದು ತುದಿಯಲ್ಲಿ. ಲಾರಿಯ ಮೇಲೆ ಕಾರು ಹೇರಿಸಿಕೊಂಡು, ಡ್ರೈವರ್ ಪಕ್ಕ ಕೂತು, ನೀಲಗಂಗಮ್ಮ ಅರ್ಧ ದಿನ ಪ್ರಯಾಣ ಮಾಡಿ ಅಲ್ಲಿಗೆ ಹೋದರು. ಅಲ್ಲಿಯವರು ಕಾರನ್ನು ಕಂಪ್ಯೂಟರಿಗೆ ಜೋಡಿಸಿ ಐದು ದಿನ ಇಟ್ಟುಕೊಂಡರು. ಐದು ದಿನವೂ ಬ್ಯಾಟರಿ ಗಟ್ಟಿಯಾಗಿ ನಿಂತಿತು.

"ಟೆಸ್ಟ್ ಓಕೆ ಮೇಡಂ," ಎಂದ ಅಲ್ಲಿಯ ಹುಡುಗ, ಮರ್ಯಾದೆಯಿಂದಲೇ.

ಈ ಎರಡು ಶಬ್ದ ನೀಲಗಂಗಮ್ಮನಿಗೆ ಹಳೆಯ ವೈರಿ. ಎಕ್ಸ್‌ಚೇಂಜಿನಲ್ಲಿ ಕೆಲವರು ದೋಷ ಸಿಗದಿದ್ದರೆ ದೂರಿನ ಚೀಟಿಯ ಮೇಲೆ ಹಾಗೆಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಅಂಥ ಚೀಟಿಗಳನ್ನೇ ಆರಿಸಿಕೊಂಡು ನೀಲಗಂಗಮ್ಮ ಮಳೆಯಲ್ಲೂ ಲೈನಿನ ಕೊನೆಯ ಕಂಬದವರೆಗೆ ನಡೆದು ಹೋಗುತ್ತಿದ್ದರು. ದೂರು ಕೊಟ್ಟವರು ಸುಮ್ಮನೆ ಕೊಟ್ಟಿರುವುದಿಲ್ಲ, ಏನೋ ಒಂದು ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ.

ಕಾರು ಮನೆಗೆ ಬಂದ ಮೂರನೇ ದಿನಕ್ಕೆ ಬ್ಯಾಟರಿ ಮತ್ತೆ ಸತ್ತಿತ್ತು.

ಈ ಸಲ ತಾವೇ ಕೂರಲು ನಿರ್ಧರಿಸಿದರು. ಬ್ಯಾಟರಿ ತುಂಬಿಸಿ, ತಮ್ಮ ಹಳೆಯ ಮೀಟರನ್ನು ಜೋಡಿಸಿದರು. ಕಾರನ್ನು ಆಫ್ ಮಾಡಿದ ಮೇಲೂ ಅದು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ಮೀಟರ್ ತೋರಿಸುತ್ತದೆ. ಅಡ್ಡಾಡಲು ಜಾಗ ಬೇಕೆಂದು ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಟೆರೇಸಿಗೆ ಸಾಗಿಸಿ, ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತರು. ಮೊದಲಿಗೆ ಎಂಟು ಆಂಪಿಯರ್ ಇತ್ತು. ಇಪ್ಪತ್ತು ನಿಮಿಷದಲ್ಲಿ ಕಾರಿನೊಳಗಿನ ಒಂದೊಂದೇ ಎಲೆಕ್ಟ್ರಾನಿಕ್ ಪೆಟ್ಟಿಗೆ ನಿದ್ದೆಗೆ ಜಾರಿ, ಅಂಕಿ ಇಳಿದೂ ಇಳಿದೂ ನಲವತ್ತು ಮಿಲಿಯಾಂಪಿಗೆ, ಅಂದರೆ ಒಂದು ಆಂಪಿಯರಿನ ಇಪ್ಪತ್ತೈದನೇ ಒಂದು ಪಾಲಿಗೆ, ಬಂತು. ಅದು ಸರಿಯಾದ ಅಳತೆ. ಅಲ್ಲೇ ನಿಂತಿತು. ಮಧ್ಯಾಹ್ನದವರೆಗೆ ಕೂತರು, ಕದಲಲಿಲ್ಲ. ಮಾರನೇ ದಿನ ಕೂತರು, ಆಗಲೂ ಇಲ್ಲ. ನಾಲ್ಕು ದಿನ ಕೂತರೂ ಕಾರು ಒಳ್ಳೆಯ ಮಗುವಿನಂತೆ ಮಲಗಿತ್ತು. ಮೀಟರ್ ಬಿಚ್ಚಿ ಎತ್ತಿಟ್ಟ ಎರಡನೇ ಬೆಳಿಗ್ಗೆ, ಸತ್ತಿತ್ತು.

"ನೀನು ಎದುರಿಗಿದ್ರೆ ಹೆದ್ರುಕೊಳ್ಳತ್ತೆ ಅನ್ಸತ್ತೆ," ಎಂದರು ಗುರುಬಸಪ್ಪ, ಪೇಪರಿನಿಂದ ತಲೆಯೆತ್ತದೆ. "ನನ್ನ ಹಾಗೆ."

ನೀಲಗಂಗಮ್ಮ ಕಾಮಾಕ್ಷಿಪಾಳ್ಯದಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಕೊಟ್ರೇಶ್‌ಗೆ ಫೋನ್ ಮಾಡಿದರು. ಆತ ಬಂದು ಕಾರನ್ನು ತನ್ನ ಅಂಗಡಿಗೆ ಒಯ್ದು ನಾಲ್ಕು ದಿನ ನಿಲ್ಲಿಸಿಕೊಂಡ. ಅಲ್ಲೂ ಏನೂ ಆಗಲಿಲ್ಲ.

"ಮೇಡಂ, ನಾನು ನಿಮಗೆ ಸುಳ್ಳು ಹೇಳಲ್ಲ," ಎಂದ ಕೊಟ್ರೇಶ್. "ಗಾಡಿ ನನಗೆ ಅರ್ಥ ಆಗ್ತಿಲ್ಲ. ಕಂಪನಿಯೋರ ಹತ್ರ ಐದ್ ದಿನ, ನನ್ನ ಹತ್ರ ನಾಲ್ಕ್ ದಿನ ಇತ್ತು. ನಿಮ್ಮನೇಲಿ ಮಾತ್ರ ಹಿಂಗಾಗ್ತಿದೆ ಅಂದ್ರೆ... ಒಂದ್ ಕೆಲ್ಸ ಮಾಡಿ. ಮೊದ್ಲು ಈ ಗಾಡಿ ಓಡಿಸ್ತಿದ್ದ ಡ್ರೈವರ್ ಯಾರು ಅಂತ ವಿಚಾರ್ಸಿ. ಗಾಡಿ ಗುಣ ಅವ್ರಿಗೆ ಗೊತ್ತಿರೋಷ್ಟು ಇನ್ನ್ಯಾರಿಗೂ ಗೊತ್ತಿರಲ್ಲ."

ಇದು ತನಗೇಕೆ ಹೊಳೆಯಲಿಲ್ಲ ಎಂದು ನೀಲಗಂಗಮ್ಮನಿಗೆ ನಾಚಿಕೆಯೇ ಆಯಿತು. ಲತಾಗೆ ಫೋನ್ ಮಾಡಿದಾಗ ಡ್ರೈವರನ ಹೆಸರು ಸಿಕ್ಕಿತು. ಮುನಿವೆಂಕಟಪ್ಪ, ಹನ್ನೊಂದು ವರ್ಷ ಆ ಕಾರು ಓಡಿಸಿದವರು, ಈಗ ಕೆಂಗೇರಿಯಲ್ಲಿ ತಮ್ಮ ಸ್ವಂತ ಮನೆಯಲ್ಲಿದ್ದಾರೆ. ಮರುದಿನವೇ ನೀಲಗಂಗಮ್ಮ ವಿಜಯನಗರದಲ್ಲಿ ಮೆಟ್ರೋ ಹತ್ತಿದರು.

ಮುನಿವೆಂಕಟಪ್ಪ ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದವರು ಕಾರಿನ ನಂಬರು ಕೇಳಿದ್ದೇ ಕೈ ನಿಲ್ಲಿಸಿದರು.

"ಆ ಗಾಡೀನ ನೀವ್ ತಗೊಂಡ್ರಾ? ಯಾರೋ ಬಿಚ್ಚಿ ಗುಜರಿಗೆ ಹಾಕ್ಬುಟ್ಟಿರ್ತಾರೆ ಅಂದ್ಕೊಂಡಿದ್ದೆ. ಓಡ್ಸೋರು ಯಾರಮ್ಮಾ?"

"ನಾನೇ."

ಮುನಿವೆಂಕಟಪ್ಪ ನೀಲಗಂಗಮ್ಮನನ್ನೊಮ್ಮೆ ದಿಟ್ಟಿಸಿ ನೋಡಿದರು. ಬಳಿಕ ಒಂದರ ಹಿಂದೆ ಒಂದು ಪ್ರಶ್ನೆ ಬಂತು. ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆಯೇ? ಹಂಪ್ ಇಳಿಸುವಾಗ ಓರೆಯಾಗಿ ಇಳಿಸುತ್ತೀರಾ? ಹಿಂದಿನ ಗಾಜಿನ ಬಿಸಿಲುಪರದೆ ಇನ್ನೂ ಮೇಲೇಳುತ್ತದೆಯೇ? ಬೇರೆ ಊರಿಗೆ ಕೊಟ್ಟ ಮಗಳ ಕ್ಷೇಮ ಕೇಳಿದ ಹಾಗಿತ್ತು. ಬ್ಯಾಟರಿಯ ಕಥೆ ಕೇಳಿದಾಗ ಮಾತ್ರ ಮುಗುಳ್ನಕ್ಕರು.

"ಇಲ್ಲಿಂದ ಹೇಳಿದ್ರೆ ಆಗಲ್ಲ. ಗಾಡಿ ನಿಲ್ಸಿರೋ ಜಾಗ ನೋಡ್ಬೇಕು. ನಾಳೆ ಬರ್ತೀನಿ. ನಾನು ಬರೋವರ್ಗೂ ಅಲ್ಲಿ ಏನೂ ತೆಗೀಬೇಡಿ, ಏನೂ ಗುಡಿಸ್ಬೇಡಿ, ದಿನಾ ಹೆಂಗಿರುತ್ತೋ ಹಂಗೇ ಇರ್ಲಿ."

ಮರುದಿನ ಒಂಬತ್ತು ಗಂಟೆಗೆಲ್ಲ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದರು. ಗೇಟು ದಾಟಿ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಹಿಂದಿನ ಸಂಜೆ ಗುರುಬಸಪ್ಪ ಒಗೆದು ಹಾಕಿದ್ದ ಪಂಚೆ ಇನ್ನೂ ಹಸಿಯಾಗಿ ಹಗ್ಗದ ಮೇಲೆ ತೂಗುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಅದರ ಅಂಚು ಕಾರಿನ ಬಾಗಿಲ ಹಿಡಿಯನ್ನು ಸವರಿಕೊಂಡು ಹೋಗುತ್ತಿತ್ತು.

"ಅಯ್ಯೋ ಶಿವನೇ," ಎಂದು ಮುನಿವೆಂಕಟಪ್ಪ ನಗತೊಡಗಿದರು. "ನಮ್ಮ ಬಂಗಲೇಲಿ ಮಲ್ಲಿಗೆ ಬಳ್ಳಿ, ಇಲ್ಲಿ ಪಂಚೆ!"

ನೀಲಗಂಗಮ್ಮ ಒಂದು ಕ್ಷಣ ಹಿಡಿಯನ್ನೇ ನೋಡಿದರು. ಅದರೊಳಗೊಂದು ಸೆನ್ಸರ್ ಇರುವುದು ಅವರಿಗೆ ಗೊತ್ತಿತ್ತು. ಕೀಯನ್ನು ಜೇಬಿನಲ್ಲಿಟ್ಟುಕೊಂಡು ಹಿಡಿ ಮುಟ್ಟಿದರೆ ಸಾಕು, ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಒದ್ದೆ ಬಟ್ಟೆ ತಾಗಿದರೂ ಅದಕ್ಕೆ ಮನುಷ್ಯನ ಕೈಯೇ. ಕೂಡಲೇ ಕಾರು ಎಚ್ಚರಗೊಂಡು, ಯಜಮಾನರು ಬಂದರೇನೋ ಎಂದು ಕೀಗಾಗಿ ಹುಡುಕುತ್ತದೆ. ಯಾರೂ ಇಲ್ಲವೆಂದು ಮತ್ತೆ ನಿದ್ದೆಗೆ ಜಾರುವ ಮೊದಲೇ ಇನ್ನೊಂದು ಸಲ ಪಂಚೆ ತಾಗುತ್ತದೆ.

"ಪರೀಕ್ಷೆ ಮಾಡೋಣ, ತಾಳಿ," ಎಂದು ಒಳಗೆ ಓಡಿ ಮೀಟರ್ ತಂದರು. ಪಂಚೆಯನ್ನು ಪಕ್ಕಕ್ಕೆ ಸರಿಸಿ ಕಾಯಲು ಕೂತರು. ಗುರುಬಸಪ್ಪನೂ ಬಂದು ಸೇರಿಕೊಂಡರು; ಇಪ್ಪತ್ತು ನಿಮಿಷ ಮೂವರೂ ಪಿಸುಮಾತಿನಲ್ಲೇ ಕಾಫಿ ಕುಡಿದರು. ಅಂಕಿ ನಲವತ್ತು ಮಿಲಿಯಾಂಪಿಗೆ ಇಳಿದು ನಿಂತಿತು.

"ಹೂಂ, ಮುಟ್ಸಿ," ಎಂದರು ನೀಲಗಂಗಮ್ಮ.

ಮುನಿವೆಂಕಟಪ್ಪ ಎರಡೇ ಬೆರಳಲ್ಲಿ ಪಂಚೆಯ ಅಂಚು ಹಿಡಿದು ಮೆಲ್ಲಗೆ ಹಿಡಿಗೆ ತಾಗಿಸಿದರು. ಮೀಟರು ಏಳು ಆಂಪಿಯರಿಗೆ ಹಾರಿತು.

"ಏಳು!" ಎಂದು ಅರವತ್ತು ವರ್ಷದ ನೀಲಗಂಗಮ್ಮ ಚಪ್ಪಾಳೆ ಹೊಡೆದರು.

"ಹಂಗಾದ್ರೆ ತಪ್ಪು ಕಾರಿಂದೋ, ನನ್ನ ಪಂಚೇದೋ?" ಗುರುಬಸಪ್ಪನ ದನಿಯಲ್ಲಿ ನಿಜಕ್ಕೂ ಅಳುಕಿತ್ತು.

"ಎರಡರದ್ದೂ ಅಲ್ಲ ರೀ, ನಂದು. ನೋಡೋಕೆ ಕೂತಾಗೆಲ್ಲ ಮೊದ್ಲು ಬಟ್ಟೆ ತೆಗ್ದೆ. ರೋಗಾನೇ ಎತ್ತಿ ಟೆರೇಸಿಗೆ ಹಾಕಿ, ಇಲ್ಲಿ ಹುಡುಕ್ತಾ ಕೂತಿದ್ದೆ."

ಬಂಗಲೆಯಲ್ಲಿ ಇದೇ ತೊಂದರೆಗೆ ಎರಡು ಬ್ಯಾಟರಿ ಹೋಗಿದ್ದವಂತೆ. ಒಂದು ಮಳೆಗಾಲದ ಮಧ್ಯಾಹ್ನ ಕಾರಿನ ಪಕ್ಕ ಕೂತು ಬುತ್ತಿ ತಿನ್ನುತ್ತಿದ್ದ ಮುನಿವೆಂಕಟಪ್ಪನ ಕಣ್ಣಿಗೆ, ಹಿಡಿಯ ಮೇಲೆ ಜೋತಾಡುವ ಬಳ್ಳಿಯೂ, ಆಗಾಗ ಮಿಣುಕುವ ಒಳಗಿನ ದೀಪವೂ ಒಟ್ಟಿಗೆ ಬಿದ್ದಿದ್ದವು. ಬಳ್ಳಿ ಕತ್ತರಿಸಿದರು, ಸರಿಹೋಯಿತು.

"ಸರ್ವೀಸ್‌ನೋರಿಗೆ ಹೇಳ್ಲಿಲ್ವಾ?" ಕೇಳಿದರು ನೀಲಗಂಗಮ್ಮ.

"ಯಾರೂ ಕೇಳ್ಲಿಲ್ಲ ಕಣಮ್ಮಾ. ಡ್ರೈವರ್‌ನ ಹೊರಗಡೆ ಬೆಂಚ್ ಮೇಲೆ ಕೂರುಸ್ತಾರೆ." ಬೇಸರವಿಲ್ಲದೆ ಹೇಳಿದರು. ನೀಲಗಂಗಮ್ಮ ನೋಟ್‌ಬುಕ್ ತೆರೆದು, ಆ ದಿನದ ತಾರೀಖಿನ ಕೆಳಗೆ ಪತ್ತೆ ಹಚ್ಚಿದವರ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರು. ಮುನಿವೆಂಕಟಪ್ಪ ಅದನ್ನು ವಾರೆಗಣ್ಣಲ್ಲಿ ನೋಡಿ, ನೋಡದವರಂತೆ ಶರ್ಟಿನ ಕಾಲರ್ ಸರಿಮಾಡಿಕೊಂಡರು.

ಮಧ್ಯಾಹ್ನದೊಳಗೆ ಗುರುಬಸಪ್ಪ ತಾವಾಗಿಯೇ ಹಗ್ಗ ಬಿಚ್ಚಿ ಅಡುಗೆಮನೆಯ ಹಿಂದಿನ ಓಣಿಗೆ ಕಟ್ಟಿದರು. ಊಟ ಮುಗಿಸಿ, ಮುನಿವೆಂಕಟಪ್ಪನನ್ನು ಕೆಂಗೇರಿಗೆ ಬಿಟ್ಟುಬರಲು ನೀಲಗಂಗಮ್ಮ ಕಾರು ತೆಗೆದರು. ಮುನಿವೆಂಕಟಪ್ಪ ಮುಂದಿನ ಎಡಗಡೆ ಸೀಟಿನಲ್ಲಿ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡರು. ಈ ಕಡೆಯಿಂದ ರಸ್ತೆ ಬೇರೆ ಥರ ಕಾಣುತ್ತದೆ ಎಂದರು. ನಾಗರಬಾವಿ ದಾಟುವವರೆಗೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ರಿಂಗ್ ರೋಡಿನ ಒಂದು ತಗ್ಗಿನಲ್ಲಿ ಚಕ್ರ ಇಳಿದಾಗ ಮುಂದುಗಡೆ ಎಲ್ಲೋ 'ಟಕ್' ಎಂದಿತು. ಇಬ್ಬರೂ ಒಮ್ಮೆಗೇ ತಲೆಯೆತ್ತಿದರು.

"ಇದು?" ಎಂದರು ನೀಲಗಂಗಮ್ಮ.

"ಇದು ನಮ್ಮ ಕಾಲ್ದಾಗೆ ಇರ್ಲಿಲ್ಲ. ಹೊಸಾದು." ಮುನಿವೆಂಕಟಪ್ಪ ಕಿವಿಯನ್ನು ಬಾಗಿಲ ಕಡೆ ವಾಲಿಸಿದರು. "ಎಡಗಡೆ ಅನ್ಸುತ್ತೆ. ಎಸಿ ಆರ್ಸಿ, ಗ್ಲಾಸ್ ಇಳ್ಸಿ. ಮುಂದೆ ಒಂದ್ ಹಂಪ್ ಬರುತ್ತೆ, ನಿಧಾನಕ್ಕೆ ಹೋಗಿ."

ನೀಲಗಂಗಮ್ಮ ಎಸಿ ಆರಿಸಿ ನಾಲ್ಕೂ ಗಾಜು ಇಳಿಸಿದರು. ಹಿಂದಿನ ಆಟೋದವನು ಹಾರನ್ ಬಾರಿಸಿದ. ಕೈ ಹೊರಗೆ ಹಾಕಿ ಮುಂದೆ ಹೋಗೆಂದು ಅವನಿಗೆ ಸನ್ನೆ ಮಾಡಿ, ಉಸಿರು ಬಿಗಿಹಿಡಿದು, ಅವರು ಕಾರನ್ನು ಹಂಪಿನ ಮೇಲೆ ಹತ್ತಿಸಿದರು.