ಪೆಪ್ಪರ್‌ಮೆಂಟು ಕರಗುವವರೆಗೆ

ಊರಿಗೆ ಊರೇ ಕೂತ ಚರ್ಚಿನಲ್ಲಿ ಪೆಪ್ಪರ್‌ಮೆಂಟನ್ನು ಕಟುಂ ಎಂದು ಕಡಿದು ನುಂಗುವವಳು ಲೇನಿ ಒಬ್ಬಳೇ. ಡಚ್ಚರ ಕಡಲಂಚಿನ ಝೇಲಂಡಿನ ಆ ಹಳ್ಳಿಯಲ್ಲಿ ಪಾದ್ರಿಗಳ ಪ್ರಸಂಗ ಶುರುವಾಗುವಾಗ ಒಂದು, ನಡುವೆ ಒಂದು, ಅದು ಕೊನೆಯ ಭಾಗಕ್ಕೆ ಬಂದಾಗ ಇನ್ನೊಂದು ಪೆಪ್ಪರ್‌ಮೆಂಟು ಬಾಯಿಗೆ ಹೋಗುವುದು ಮುತ್ತಜ್ಜಂದಿರ ಕಾಲದ ವಾಡಿಕೆ. ನಾಲಿಗೆಯ ಮೇಲಿಟ್ಟು ಸದ್ದಿಲ್ಲದೆ ಕರಗಿಸಬೇಕು. ಅಷ್ಟು ಪುರುಸೊತ್ತು ಲೇನಿಗೆಲ್ಲಿ? ಅವಳ ಹಲ್ಲಿಗೂ ಅವಸರ. ಮೊದಮೊದಲು ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು.

ಹಾಗೆಂದು ಅವಳನ್ನು ದೂರುವಂತಿಲ್ಲ. ಗಂಡ ಕ್ರೈನ್ ಕಪ್ಪೆಚಿಪ್ಪು ಹಿಡಿಯುವ ದೋಣಿಯಲ್ಲಿ ಸೋಮವಾರ ಹೊರಟರೆ ಮನೆ ಸೇರುವುದು ಶುಕ್ರವಾರ. ಲೇನಿಯದು ಆರೈಕೆಯ ಕೆಲಸ, ಬೆಳಿಗ್ಗೆಯೇ ಸೈಕಲ್ಲು ಹತ್ತಿ ಊರಿನ ಮುದುಕ ಮುದುಕಿಯರ ಮನೆಗಳಿಗೆ ಹೋಗಿ, ಮೀಯಿಸಿ, ಮಾತ್ರೆ ಕೊಟ್ಟು, ಅವರ ಸೊಂಟನೋವಿನ ಕಥೆ ಕೇಳಿ ಬರುತ್ತಾಳೆ. ಬಂದರೆ ಮೂರು ಮಕ್ಕಳು, ಬುಟ್ಟಿ ತುಂಬ ಒಗೆಯುವ ಬಟ್ಟೆ, ಸಿಪ್ಪೆ ತೆಗೆಯಬೇಕಾದ ಆಲೂಗಡ್ಡೆ.

ಇಷ್ಟರ ಮೇಲೆ ಊಟದ ನಂತರದ ಓದು. ಆ ಊರಿನ ಮನೆಗಳಲ್ಲಿ ರಾತ್ರಿಯೂಟ ಮುಗಿದ ಕೂಡಲೇ ಯಾರೂ ಏಳುವಂತಿಲ್ಲ. ಮನೆಯ ಹಿರಿಯರು ದೇವರ ವಾಕ್ಯದ ಒಂದು ಭಾಗವನ್ನು ಓದಿ, ಮುಗಿಸಿದವರೇ ಒಂದು ಮಗುವಿನತ್ತ ಬೆರಳು ತೋರಿಸಿ "ಕೊನೆಯ ಪದ?" ಎನ್ನುತ್ತಾರೆ. ಮಗು ಅದನ್ನು ಹೇಳಿದರೆ ಕಿವಿಗೊಟ್ಟು ಕೇಳಿದೆ ಎಂದು ಲೆಕ್ಕ. ಕ್ರೈನ್ ಇಲ್ಲದ ದಿನ ಈ ಕೆಲಸವೂ ಲೇನಿಯ ಪಾಲಿಗೆ. ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಕಿಕೊಂಡೇ ಅವಳು ಉಸಿರು ಬಿಡದೆ ಓದಿ ಮುಗಿಸುತ್ತಿದ್ದಳು. ದೊಡ್ಡವಳು ಡೀನಾ ಕೊನೆಯ ಸಾಲಿಗೆ ಮಾತ್ರ ಕಿವಿ ತೆರೆಯುವುದನ್ನು ಕಲಿತಿದ್ದಳು. ಲೇನಿಗೆ ಅದು ಗೊತ್ತಿತ್ತು, ಗದರಲು ಹೊತ್ತಿರಲಿಲ್ಲ.

ಕೊನೆಗೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಕ್ರೈನ್ ಮನೆಯಲ್ಲಿಲ್ಲದ ದಿನ ಓದು ಬೇಡ. ಬಟ್ಟೆ ಒಗೆಯದಿದ್ದರೆ ನಾರುತ್ತದೆ, ಫೋನು ಎತ್ತದಿದ್ದರೆ ಬಡಿದುಕೊಳ್ಳುತ್ತದೆ, ಮಕ್ಕಳಿಗೆ ಊಟ ತಡವಾದರೆ ಮನೆ ಹಾರಿಹೋಗುತ್ತದೆ. ಗೂಡಿನಲ್ಲಿಟ್ಟ ಪುಸ್ತಕ ಮಾತ್ರ ಏನೂ ಅನ್ನುವುದಿಲ್ಲ. ಆದರೆ ಈ ಮಾತನ್ನು ಅತ್ತೆಗೆ ಹೇಳುವುದನ್ನು ಮಾತ್ರ ದಿನದಿಂದ ದಿನಕ್ಕೆ ಮುಂದೂಡುತ್ತಿದ್ದಳು.

ಅತ್ತೆ ಪೀಟರ್ನೆಲ್ ಒಂಬತ್ತು ಮಕ್ಕಳನ್ನು ಸಾಕಿದವರು, ಗಂಡನ ಜೊತೆ ಬ್ರೆಡ್ಡಿನಂಗಡಿ ನಡೆಸಿದವರು, ಗಂಡ ಹೋದ ಮೇಲೂ ನಡೆಸಿದವರು. ಅವರು ಓಡಿದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಅವರ ಮನೆಯಲ್ಲಿ ಮಧ್ಯಾಹ್ನದ ಊಟದ ನಂತರವೂ ಓದಿತ್ತು, ಆ ಹೊತ್ತಿಗೆ ಅಂಗಡಿಯ ಬಾಗಿಲಿಗೆ ಚಿಲಕ ಬೀಳುತ್ತಿತ್ತು. ಡಾಕ್ಟರೇ ಬಂದರೂ ಹೊರಗೆ ಗಾಳಿಯಲ್ಲಿ ಟೋಪಿ ಹಿಡಿದುಕೊಂಡು ಕಾಯಬೇಕು. ಕಾಯುತ್ತಲೂ ಇದ್ದರು. "ನಿಮ್ಮಮ್ಮನಿಗೆ ದೇವರು ದಿನಕ್ಕೆ ನಾಲ್ಕು ಗಂಟೆ ಜಾಸ್ತಿ ಕೊಟ್ಟಿರ್ಬೇಕು ಕಣ್ರೀ," ಎಂದು ಲೇನಿ ಗಂಡನಿಗೆ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಗೌರವ, ಅರ್ಧ ಹೊಟ್ಟೆಕಿಚ್ಚು.

ಬುಧವಾರ ಅತ್ತೆ ಊಟಕ್ಕೆ ಬಂದರು. ಇವತ್ತು ಕೊನೆಯದಾಗಿ ಓದಿ ವಿಷಯ ಹೇಳಿಬಿಡುವುದೆಂದು ಲೇನಿ ಗಟ್ಟಿ ಮನಸ್ಸು ಮಾಡಿದಳು. ಅಂದಿನ ಭಾಗದಲ್ಲಿ ತಮ್ಮನೊಬ್ಬ ಮುನಿದ ಅಣ್ಣನಿಗೆ ಕಾಣಿಕೆಯಾಗಿ ಆಡು, ಕುರಿ, ಒಂಟೆ, ಕತ್ತೆಗಳನ್ನು ಮುಂದೆ ಮುಂದೆ ಕಳಿಸುತ್ತಿದ್ದ. ಲೇನಿ ಆ ಮಂದೆಯನ್ನೆಲ್ಲ ಒಂದೇ ಉಸಿರಿಗೆ ಅಟ್ಟಿಕೊಂಡು ಹೋಗಿ ಪುಸ್ತಕ ಮುಚ್ಚಿದಳು. ಅವಳು ಬೆರಳೆತ್ತುವ ಮೊದಲೇ ಅತ್ತೆಯ ಬೆರಳು ಮೇಲೆದ್ದಿತ್ತು, ಮಕ್ಕಳ ಕಡೆಗಲ್ಲ.

"ಲೇನಿ, ಕೊನೆಯ ಪದ?"

"ಸಾಕ್ಸು," ಎಂದಳು ಲೇನಿ.

"ಅಮ್ಮಾ! ಕತ್ತೆ! ಕತ್ತೆ ಕಣಮ್ಮಾ!" ಮಗ ಬ್ರಾಮ್ ಕುರ್ಚಿಯ ಮೇಲೆ ನಿಂತೇಬಿಟ್ಟ. ಡೀನಾ ಮೇಜಿಗೆ ಹಣೆ ಒತ್ತಿ ನಗುತ್ತ, "ಒಂಟೆಗೆ ಸಾಕ್ಸು ಹಾಕಿದ್ರಾ ಅಮ್ಮಾ? ನಾಲ್ಕು ಕಾಲಿಗೂನಾ?" ಎಂದಳು. ಏನೂ ಅರ್ಥವಾಗದ ಪುಟ್ಟ ನೆಲ್ ಚಮಚದಿಂದ ತಟ್ಟೆ ಬಡಿದಳು. ಲೇನಿಯೂ ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು.

"ನಾಳೆ ಇವನಿಗೆ ಆಟದ ಪೀರಿಯಡ್ಡು ಅತ್ತೆ. ಸಾಕ್ಸು ಒಂದೇ ಸಿಕ್ಕಿರೋದು. ಮಧ್ಯಾಹ್ನದಿಂದ ಹುಡುಕ್ತಾ ಇದೀನಿ. ನಾನೇ ಓದಿದ್ದು ನನಗೇ ಕೇಳಿಸ್ಲಿಲ್ಲ." ಅವಳು ಬಟ್ಟೆಯಲ್ಲಿ ಮೂಗೊರೆಸಿಕೊಂಡಳು. "ವಾರದ ದಿನ ಇನ್ನು ಓದೋದು ನಿಲ್ಲಿಸ್ತೀನಿ. ಬೈಯೋದಾದ್ರೆ ಈಗಲೇ ಬೈದ್ಬಿಡಿ."

ಪೀಟರ್ನೆಲ್ ಬೈಯಲಿಲ್ಲ. ಚೀಲದೊಳಗೆ ಕೈ ಹಾಕಿ ಪೆಪ್ಪರ್‌ಮೆಂಟಿನ ಸುರುಳಿ ತೆಗೆದು ಎಲ್ಲರ ಮುಂದೆ ಒಂದೊಂದು ಇಟ್ಟರು. ನೆಲ್‌ಗೆ ಚೂರು ಮಾಡಿ ಕೊಟ್ಟರು.

"ಇದು ಭಾನುವಾರದ್ದಲ್ವಾ ಅಜ್ಜಿ?" ಎಂದ ಬ್ರಾಮ್.

"ಇವತ್ತಿಂದ ಬುಧವಾರದ್ದೂ ಹೌದು. ಕರಗೋವರೆಗೂ ಯಾರೂ ಏಳೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಕಡಿದವರು ಪಾತ್ರೆ ತೊಳೀಬೇಕು. ನಿಮ್ಮಮ್ಮನಿಗೂ ಇದೇ ಕಾನೂನು."

ಮನೆ ತೆಪ್ಪಗಾಯಿತು. ತಟ್ಟೆಯ ಮೇಲೆ ಸಾರು ಒಣಗುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ಲೇನಿಯ ಹಲ್ಲು ಕಡಿಯಲು ಹಪಹಪಿಸುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಆಗ ಅವಳಿಗೆ ಆ ತಮ್ಮನ ನೆನಪಾಯಿತು, ಅಷ್ಟೊಂದು ಕುರಿ ಮೇಕೆ ಮುಂದೆ ಕಳಿಸಿ ತಾನು ಹಿಂದೆ ಭಯದಿಂದ ಕಾಯುತ್ತಿದ್ದವನು. ಪಾಪ, ಎಷ್ಟು ಹೆದರಿದ್ದನೋ ಎಂದುಕೊಂಡಳು.

"ಆ," ಎಂದು ಬ್ರಾಮ್ ಬಾಯಿ ತೆರೆದು ತೋರಿಸಿದ. "ನಂದು ಖಾಲಿ. ಅಮ್ಮಾ, ಇನ್ನೊಂದು ಸಾಕ್ಸು ನನ್ನ ಶೂ ಒಳಗೇ ಇದೆ."

"ಮಧ್ಯಾಹ್ನವೇ ಹೇಳೋಕೇನಾಗಿತ್ತೋ ನಿಂಗೆ?"

"ನೀನು ನಿಲ್ಲಲೇ ಇಲ್ವಲ್ಲಮ್ಮ."

ಮಕ್ಕಳು ಎದ್ದ ಮೇಲೆ ಲೇನಿ ಅತ್ತೆಯತ್ತ ತಿರುಗಿದಳು. "ಒಂಬತ್ತು ಮಕ್ಕಳು, ಮೇಲೆ ಅಂಗಡಿ. ಹೇಗೆ ಹೊಂದಿಸ್ತಿದ್ರಿ ಅತ್ತೆ?"

"ಎಲ್ಲಿ ಹೊಂದಿಸ್ದೆ? ಈ ಓದನ್ನ ಮೊದಲು ಕೂರಿಸ್ದೆ. ಮಿಕ್ಕಿದ್ದೆಲ್ಲ ಹಿಂದೆ ಸಾಲು ನಿಂತ್ಕೊಳ್ತು. ಕೊನೇಲಿದ್ದದ್ದು ಬಿದ್ದುಹೋಯ್ತು."

"ಏನು ಬಿತ್ತು?"

"ಕರ್ಚೀಫಿಗೆ ಇಸ್ತ್ರಿ. ಹಿಂದಿನ ಕಿಟಕಿ ಒರೆಸೋದು. ಪಕ್ಕದ್ಮನೆ ಯಾಕೊಮೀನ ಇವತ್ತಿಗೂ ಆಡ್ಕೊಳ್ತಾಳೆ. ಆಡ್ಕೊಳ್ಲಿ ಬಿಡು, ಅವಳಿಗೂ ಹೊತ್ತು ಹೋಗ್ಬೇಕಲ್ಲ."

ಲೇನಿಯ ಮನೆಯಲ್ಲಿ ಅಂದಿನಿಂದ ಪೆಪ್ಪರ್‌ಮೆಂಟಿನ ಕಾನೂನು ಜಾರಿಗೆ ಬಂತು. ಓದು, ಆಮೇಲೆ ಪೆಪ್ಪರ್‌ಮೆಂಟು, ಅದು ಕರಗಿದ ಮೇಲೆ ನಾಳೆಗೆ ಯಾರಿಗೇನು ಬೇಕೆಂದು ಒಬ್ಬೊಬ್ಬರೇ ಹೇಳುವುದು. ಬೆಳಗಿನ ಹುಡುಕಾಟ ಅರ್ಧ ಕಡಿಮೆಯಾಯಿತು. ಒರೆಸದೆ ಬಿಟ್ಟ ಹಿಂದಿನ ಕಿಟಕಿಯಲ್ಲಿ ಆಚೆಯ ಕಡಲ ದಂಡೆ ಮಸುಕಾಗಿ ಕಾಣತೊಡಗಿತು. ಒಂದು ದಿನ ಸರಿಯಾಗಿ ಓದುವ ಹೊತ್ತಿಗೆ ಅವಳ ಕೆಲಸದ ಕಚೇರಿಯಿಂದ ಫೋನು ಬಂತು. ಲೇನಿ ಅದನ್ನು ಬೋರಲು ಹಾಕಿ ಮುಂದೆ ಓದಿದಳು. ಆಮೇಲೆ ತಾನೇ ಫೋನು ಮಾಡಿ ಕೇಳಿದರೆ, ಅವರಿಗೆ ಬೇಕಾಗಿದ್ದದ್ದು ಯಾವುದೋ ಮನೆಯ ಬೀಗದ ಕೈ ಎಲ್ಲಿದೆ ಎಂಬ ಸುದ್ದಿ, ಅದೂ ನಾಳೆಗೆ. ಭಾನುವಾರ ಚರ್ಚಿನಲ್ಲಿ ಕಟುಂ ಸದ್ದು ಕೇಳದೆ ಗಾಬರಿಯಾಗಿ ಮುಂದಿನ ಸಾಲಿನವರು ತಿರುಗಿ ನೋಡಿದರು.

ಮತ್ತೊಂದು ಬುಧವಾರ. ಲೇನಿ ನಿಧಾನವಾಗಿ ಓದಿ ಮುಗಿಸಿದಳು. ಅತ್ತೆ ಎಂದಿನಂತೆ ಕೈಕಟ್ಟಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದಲ್ಲಿ ಅದೇ ಶಾಂತಿ. ಲೇನಿಗೆ ಚೇಷ್ಟೆ ಮಾಡೋಣವೆನ್ನಿಸಿತು.

"ಅತ್ತೆ, ಕೊನೆಯ ಪದ?"

ಪೀಟರ್ನೆಲ್ ಬೆಚ್ಚಿ ಕಣ್ಣು ತೆರೆದರು. "ಹಿಟ್ಟು," ಎಂದರು.

ಹಿಟ್ಟಿನ ಸುದ್ದಿ ಎಲ್ಲಿಯೂ ಇರಲಿಲ್ಲ. ಮಕ್ಕಳು ಮನೆಯ ಸೂರು ಕಿತ್ತುಹೋಗುವಂತೆ ನಕ್ಕರು. ಲೇನಿ ಮಾತ್ರ ನಗಲಿಲ್ಲ. "ಅತ್ತೆ, ನೀವೂನಾ?"

"ಅಂಗಡಿ ಮುಚ್ಚಿ ಎಷ್ಟು ಕಾಲವಾಯ್ತು, ಆದ್ರೂ ಹಿಟ್ಟು ಉಬ್ಬಿತೋ ಇಲ್ವೋ ಅಂತ ಇವತ್ತಿಗೂ ಮನಸ್ಸು ಓಡುತ್ತೆ."

"ಆಗ? ಬಾಗಿಲಿಗೆ ಚಿಲಕ ಹಾಕಿ ಕೂತಿದ್ದಾಗ?"

"ಆಗಂತೂ ಅರ್ಧಕ್ಕರ್ಧ ದಿನ ನನ್ನ ಜೀವ ಒಲೆ ಹತ್ರಾನೇ. ಹೊರಗೆ ಡಾಕ್ಟ್ರು ಕೆಮ್ಮೋದು ಬೇರೆ ಕೇಳ್ತಿತ್ತು." ಮುದುಕಿ ಸೊಸೆಯನ್ನು ನೋಡಿದರು. "ಎದ್ದು ಹೋಗ್ಲಿಲ್ಲ ಕಣೆ. ಕೂತಿದ್ದೆ, ಅಷ್ಟೇ."

ಇಷ್ಟು ವರ್ಷ ಲೇನಿ ಮೆಚ್ಚಿದ್ದು ಅವಸರವೆಂದರೇನೆಂದೇ ಗೊತ್ತಿಲ್ಲದ ಒಬ್ಬ ಹೆಂಗಸನ್ನು. ಈಗ ಎದುರಿಗಿದ್ದವರು ದಿನವೂ ತನ್ನಷ್ಟೇ ಚಡಪಡಿಸಿ, ದಿನವೂ ಅಲ್ಲೇ ಕೂತವರು. ಅವರ ಮೇಲೆ ಅವಳಿಗೆ ಎಂದೂ ಬಾರದಷ್ಟು ಪ್ರೀತಿ ಬಂತು. ಅವಳು ಪುಸ್ತಕವನ್ನು ಮತ್ತೆ ತೆರೆದಳು.

"ಇನ್ನೊಂದ್ಸಲ ಓದ್ತೀನಿ. ನಿಮಗೋಸ್ಕರ."

"ಪಾತ್ರೆ ಹಾಗೇ ಬಿದ್ದಿದೆಯಲ್ಲೇ?"

"ಬಿದ್ದಿರ್ಲಿ ಅತ್ತೆ," ಎಂದು ಲೇನಿ ಪೆಪ್ಪರ್‌ಮೆಂಟನ್ನು ಓದಾದ ಮೇಲಕ್ಕೆಂದು ಪಕ್ಕಕ್ಕಿಟ್ಟು ಮೊದಲ ಸಾಲಿಗೆ ಬೆರಳಿಟ್ಟಳು.