ತಲೆಕಟ್ಟು

ಸಿರುಗುಪ್ಪದ ಜಹೀದಾಗೆ ಅನುಮಾನ ಹುಟ್ಟುಗುಣ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವಳು. ಬಸ್ಸಿನ ಬೋರ್ಡು ಓದಿಯೂ ಕಂಡಕ್ಟರನ್ನು ಕೇಳುವಳು, ಕಂಡಕ್ಟರ್ ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುವಳು. ಏನನ್ನೇ ಆಗಲಿ ಎರಡನೇ ಸಲ ಕೇಳದೆ ನಂಬಿದ ದಾಖಲೆ ಆಕೆಯ ಜನ್ಮದಲ್ಲಿಲ್ಲ. ಗಂಡ ತೀರಿಕೊಂಡ ಮೇಲೆ ಮಾರ್ಕೆಟ್ ಹಿಂದಿನ ಪ್ರಿಂಟಿಂಗ್ ಪ್ರೆಸ್ಸನ್ನು ಒಬ್ಬಳೇ ನಡೆಸಿದ ಹೆಂಗಸು. ಕಂಡವರನ್ನೆಲ್ಲ ನಂಬಿಕೊಂಡು ಕೂತಿದ್ದರೆ ಅಚ್ಚಿನ ಮೊಳೆಗಳು ಎಂದೋ ಗುಜರಿ ಸೇರುತ್ತಿದ್ದವು ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೇನೂ ಅಲ್ಲ.

ಕಾಲವೂ ಹಾಗಿತ್ತು. ಗಣಿಯ ದುಡ್ಡು ಬಳ್ಳಾರಿಯ ಬೀದಿಬೀದಿಯಲ್ಲಿ ಹರಿಯುತ್ತಿತ್ತು. ನಿನ್ನೆ ಲಾರಿ ಕ್ಲೀನರ್ ಆಗಿದ್ದವನು ಇವತ್ತು ಕಾರಿನ ಕಿಟಕಿಯಿಂದ ಕೈ ಬೀಸುತ್ತಿದ್ದ. ವಾರಕ್ಕೊಂದು ಶೋರೂಮು ಬಾಗಿಲು ತೆರೆಯುತ್ತಿತ್ತು. ಅಂಥದ್ದರಲ್ಲೇ ಒಂದು ದಿನ ಪೇಪರಿನ ಮಡಿಕೆಯಿಂದ ಹಳದಿ ಕರಪತ್ರವೊಂದು ಜಹೀದಾಳ ಮಡಿಲಿಗೆ ಬಿತ್ತು. 'ಬರುತ್ತಿದೆ! ಅಪ್ಪಟ ಕನ್ನಡದ ಕಂಪ್ಯೂಟರ್! ಇಂಗ್ಲಿಷಿನ ಹಂಗಿಲ್ಲ! ಒತ್ತಿದರೆ ಕನ್ನಡ, ಒತ್ತದಿದ್ದರೂ ಕನ್ನಡ!' ಕೆಳಗೆ ಬಳ್ಳಾರಿಯ ಪಾರ್ವತಿನಗರದ ಅಂಗಡಿಯ ವಿಳಾಸ, ಮಾಲೀಕ ಮಾರೆಣ್ಣನ ನಗುಮುಖ.

"ನಗೂದು ನೋಡಿದ್ರ ಸುಳ್ಳ ಹೇಳಾಕ ಹತ್ಯಾನ," ಅಂದಳು ಜಹೀದಾ. ಆದರೆ ಕರಪತ್ರವನ್ನು ಬಿಸಾಡದೆ ದಿಂಬಿನ ಕೆಳಗೆ ಇಟ್ಟುಕೊಂಡಳು.

ಇಟ್ಟುಕೊಳ್ಳುವುದಕ್ಕೆ ಕಾರಣವಿತ್ತು. ಮಗಳು ತಬಸ್ಸುಮ್‌ಗೆ ಗದಗಿನ ಸಂಬಂಧ ಕುದುರಿತ್ತು. ನಿಶ್ಚಯದ ದಿನ ಹುಡುಗನ ಅಪ್ಪ ಸಮೀಉಲ್ಲಾ ಊಟದ ಎಲೆಯ ಮುಂದೆ ಕೂತು, "ಬಳ್ಳಾರಿ ಕಡಿಯವರಂದ್ರ ಅರ್ಧ ಆಂಧ್ರದವರ ಬಿಡ್ರಿ," ಎಂದು ಚಟಾಕಿ ಹಾರಿಸಿದ್ದ. ಎಲ್ಲರೂ ನಕ್ಕರು, ಜಹೀದಾ ನಗಲಿಲ್ಲ. "ನಮ್ಮ ಮನ್ಯಾಗ ಮಾವನ ಕಾಲದಿಂದ ಕನ್ನಡ ಅಚ್ಚು ಹಾಕೀವಿ. ನಿಮ್ಮ ಕಡಿ ಮದುವಿ ಕಾರ್ಡೂ ನಾವ ಹಾಕಿ ಕಳಸ್ತೀವಿ, ಓದಿ ನೋಡ್ರಿ," ಎಂದು ಮಾತು ಕೊಟ್ಟುಬಿಟ್ಟಳು. ಕೊಟ್ಟದ್ದೇನೋ ಕೊಟ್ಟಳು, ಪ್ರೆಸ್ಸಿನ ಮೊಳೆಗಳು ಸವೆದು ಒತ್ತಕ್ಷರಗಳ ಬಾಲ ಮುರಿದಿದ್ದವು. ಬಸ್ ಸ್ಟ್ಯಾಂಡಿನ ಡಿಟಿಪಿ ಅಂಗಡಿಯವನ ಮುಂದೆ ಕೈಯೊಡ್ಡುವುದೆಂದರೆ ಮೂಗು ಕೊಯ್ಸಿಕೊಂಡಂತೆ. ಆಕೆಗೆ ಇಂಗ್ಲಿಷ್ ಬಾರದು. ಇಂಗ್ಲಿಷಿನ ಹಂಗಿಲ್ಲದ ಕಂಪ್ಯೂಟರ್ ನಿಜವಾಗಿಯೂ ಇದ್ದರೆ ಅದು ತನಗಾಗಿಯೇ ಹುಟ್ಟಿದ್ದು ಎಂದು ಒಳಗೊಳಗೇ ಆಸೆಪಟ್ಟಳು.

ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಮಾರೆಣ್ಣ ತಿಂಗಳುಗಟ್ಟಲೆ ಜನರನ್ನು ಕಾಯಿಸಿದ. ಕಾದಷ್ಟೂ ಸುದ್ದಿ ಉಬ್ಬಿತು. ಅದು ಮಾತಾಡುತ್ತದಂತೆ, ತಪ್ಪು ಬರೆದರೆ ತಾನೇ ತಿದ್ದುತ್ತದಂತೆ. ಕೊನೆಗೊಂದು ದಿನ ಪಾರ್ವತಿನಗರದಲ್ಲಿ ಶಾಮಿಯಾನ ಎದ್ದಿತು. ಜಹೀದಾ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ಮಾರೆಣ್ಣ ಜರಿಯ ಬಟ್ಟೆ ಸರಿಸಿದ. ಒಳಗಿದ್ದದ್ದು ಎಲ್ಲ ಕಡೆ ನೋಡಿದ್ದ ಅದೇ ಬೂದು ಪೆಟ್ಟಿಗೆ, ಹಣೆಗೊಂದು ಹಳದಿ ಕೆಂಪು ಸ್ಟಿಕ್ಕರು. ಶಾಮಿಯಾನದಲ್ಲಿ ಉಸ್ಸೆನ್ನುವ ಸದ್ದಾಯಿತು.

"ಮಾತಾಡತೈತಿ ಅಂದಿದ್ರಲ್ರೀ?" ಹಿಂದಿನಿಂದ ಯಾರೋ ಕೂಗಿದರು.

"ಮುಂದಿನ ಮಾಡೆಲ್ಲು ಮಾತಾಡತೈತಿ," ಅಂದ ಮಾರೆಣ್ಣ, ಮುಖದ ನಗೆ ಕದಲಿಸದೆ.

ಅವನು ಗುಂಡಿ ಒತ್ತಿದಂತೆ ಪರದೆಯ ಮೇಲೆ ದುಂಡನೆಯ ಕನ್ನಡ ಮೂಡಿತು. ಜಹೀದಾ ಎದ್ದು ಸೀದಾ ಮೇಜಿನ ಹಿಂದಕ್ಕೆ ಹೋಗಿ, ಬಟ್ಟೆ ಎತ್ತಿ ಕೆಳಗೆ ಬಗ್ಗಿ ನೋಡಿದಳು. ಯಾರಾದರೂ ಕೂತು ಬರೆಯುತ್ತಿರಬಹುದೆಂಬ ಗುಮಾನಿ. ಸಿಕ್ಕಿದ್ದು ವೈರುಗಳು ಮತ್ತು ಮಾರೆಣ್ಣನ ಚಪ್ಪಲಿ. ಆಮೇಲೆ 'ಸಿರುಗುಪ್ಪ' ಎಂದು ಬರೆಸಿದಳು, ಅಳಿಸಿ ಇನ್ನೊಮ್ಮೆ ಬರೆಸಿದಳು. ಒತ್ತಕ್ಷರದ ಬಾಲ ಎರಡು ಸಲವೂ ಸರಿಯಾಗಿ ಬಂತು.

"ಅಮ್ಮೀ," ತಬಸ್ಸುಮ್ ಕಿವಿಯ ಹತ್ತಿರ ಬಾಗಿದಳು. "ಇದು ಹೈದರಾಬಾದಿನ ಮಾಲು. ಸ್ವಲ್ಪ ದಿನ ತಡದು ನೋಡೂಣು. ಕಾರ್ಡು ಮೊಳ್ಯಾಗ ಜೋಡಿಸಿದ್ರಾತು."

ಜಹೀದಾ ಮಗಳನ್ನು ದಿಟ್ಟಿಸಿದಳು. "ತಡ ಯಾಕ ಬೇಕು ನಿನಗ? ಕಾರ್ಡು ತಡ ಆದ್ರ ಮದುವಿ ತಡ ಆಕೈತಿ ಅಂತೇನು? ತಪ್ಪಿಸಾಕ ನೆವ ಹುಡುಕಾಕ ಹತ್ತೀ?"

ಬಿ.ಎ. ಓದಿದ ಹುಡುಗಿ, ಜನರ ನಡುವೆ ತಲೆ ತಗ್ಗಿಸಿ ನಿಂತಳು. ಅಂದಿನಿಂದ ಮದುವೆಯ ಸುದ್ದಿಗೆ ಹೂಂ ಇಲ್ಲ, ಉಹೂಂ ಇಲ್ಲ.

ಪೆಟ್ಟಿಗೆ ಕಟ್ಟುವಾಗ ಮಾರೆಣ್ಣನೂ ಏನೋ ಹೇಳಲು ಬಂದ. "ಅಮ್ಮಾ, ಕರೆಂಟು ಹೋಗಿ ಬಂದಾಗೊಮ್ಮೆ..."

"ಗೊತ್ತೈತಿ ಬಿಡ್ರಿ. ಕರೆಂಟಿನ ಕತಿ ಹೇಳಿ ಇನ್ನೊಂದು ಬ್ಯಾಟರಿ ಪೆಟ್ಟಿಗಿ ನನ್ನ ತಲಿಗಿ ಕಟ್ಟಾಕ ನೋಡ್ತೀರಿ. ಬಾಯಿ ಮುಚ್ಚಿ ಹಗ್ಗ ಬಿಗೀರಿ."

ಮಾರೆಣ್ಣ ಬಾಯಿ ಮುಚ್ಚಿ ಹಗ್ಗ ಬಿಗಿದ.

ಸಿರುಗುಪ್ಪಕ್ಕೆ ಬಂದ ಕಂಪ್ಯೂಟರನ್ನು ಜಹೀದಾ ಹೊಸ ಸೊಸೆಯನ್ನು ನೋಡುವ ಅತ್ತೆಯ ಕಣ್ಣಿನಿಂದಲೇ ನೋಡಿದಳು. ಮೊದಲು ಕುರುಗೋಡಿನ ಬೀಜದ ಅಂಗಡಿಯ ಹೊನ್ನೂರಪ್ಪನ ಕರಪತ್ರವನ್ನು ಜೊತೆಗೆ ಬಂದಿದ್ದ ಪ್ರಿಂಟರಿನಲ್ಲಿ ಹಾಕಿ ಪರೀಕ್ಷಿಸಿದಳು. ನಡುವೆ ಕರೆಂಟು ಹೋಯಿತು, ಬಂತು, ಕೆಲಸ ಮುಗಿಯಿತು. ಕುರುಗೋಡಿನ ಸಂತೆಯಲ್ಲಿ ರೈತರು ಕರಪತ್ರ ಓದಿ ಅಂಗಡಿ ಹುಡುಕಿಕೊಂಡು ಬಂದರೆಂದು ಹೊನ್ನೂರಪ್ಪ ಫೋನಿನಲ್ಲಿ ಹೊಗಳಿದ. ಆಗ ಮಗಳ ಮದುವೆಯ ಕಾರ್ಡಿಗೆ ಕೈ ಹಾಕಿದಳು. ಮೊದಲ ಕಾರ್ಡನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಅಕ್ಷರ ಅಕ್ಷರ ಬಿಡಿಸಿ ಓದಿದಳು. ಒಂದು ತಪ್ಪೂ ಇಲ್ಲ. ಮಗಳ ಮುಂದೆ ಹಿಡಿದಳು.

ತಬಸ್ಸುಮ್ ಕಾರ್ಡನ್ನು ಬಹಳ ಹೊತ್ತು ನೋಡಿದಳು. "ನೀ ಓದೀಯಲ್ಲ ಅಮ್ಮೀ," ಎಂದು ತಿರುಗಿ ಕೊಟ್ಟಳು.

ಕಾರ್ಡಿನ ಕಟ್ಟು ಗದಗಿಗೆ ಹೋಯಿತು. ಆ ವಾರದಲ್ಲೇ ಸಮೀಉಲ್ಲಾನ ಫೋನು ಬಂತು. ದನಿ ಬಿಗಿದಿತ್ತು.

"ಕಾರ್ಡು ಮುಟ್ಟಿದ್ವು ಬೀಗರ. ಭಾಳ ಛಂದ ಅದಾವ. ಆದ್ರ ಓದಾಕ ಗದಗಿನ್ಯಾಗ ಯಾರನ್ನ ಹುಡುಕೂದು? ಪೂರಾ ತೆಲುಗು!"

"ಏನಂತೀರಿ? ಕನ್ನಡ ಐತ್ರಿ. ನಾನ ಓದೀನಿ."

"ಅವತ್ತು ನಾ ಚಾಷ್ಟಿ ಮಾಡಿದ್ದಕ್ಕ ಸೇಡು ತೀರಿಸ್ಕೊಂಡ್ರೇನು? ಮನಸ್ಸಿನ್ಯಾಗ ಏನಿದ್ರೂ ಬಾಯಿ ಬಿಟ್ಟು ಹೇಳ್ರಿ. ಸಂಬಂಧ ಬ್ಯಾಡ ಅನ್ನೂದಿದ್ರ ಅದನ್ನೂ ಹೇಳ್ರಿ. ಕಾರ್ಡಿನ್ಯಾಗ ಯಾಕ ಅಣಕಸ್ತೀರಿ?" ಫೋನು ಕಟ್ಟಾಯಿತು.

ಜಹೀದಾ ಉಳಿದ ಕಾರ್ಡೊಂದನ್ನು ತೆಗೆದು ಓದಿದಳು. ಸರಾಗವಾಗಿ ಓದಿಸಿಕೊಂಡಿತು. ಇದು ಕನ್ನಡವಲ್ಲದೆ ಮತ್ತೇನು! ಬೀಗ ಬೇಕೆಂದೇ ಹುಳುಕು ಹುಡುಕುತ್ತಿದ್ದಾನೆಂದು ಅನುಮಾನಿಸಿದಳು. ಆದರೂ ಸಮಾಧಾನವಾಗದೆ ಮೊಳೆಯಲ್ಲಿ ಅಚ್ಚಾಗಿದ್ದ ಹಳೆಯ ಕಾರ್ಡನ್ನು ತಂದು ಪಕ್ಕದಲ್ಲಿಟ್ಟಳು. ಹಳೆಯದರಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಅಡ್ಡಗೆರೆಯ ಕನ್ನಡದ ತಲೆಕಟ್ಟು. ಹೊಸದರಲ್ಲಿ ಸಾಲಿಗೆ ಸಾಲು ಮಾಸ್ತರು ಹಾಕುವ ರೈಟ್ ಗುರುತಿನಂಥ ತೆಲುಗಿನ ತಲೆಕಟ್ಟು. ಚಿಕ್ಕಂದಿನಿಂದ ಸಿನಿಮಾ ಪೋಸ್ಟರು, ಆದೋನಿ ಬಸ್ಸಿನ ಬೋರ್ಡು ಓದಿ ಬೆಳೆದ ಕಣ್ಣಿಗೆ ಎರಡರ ನಡುವಿನ ಗಡಿಯೇ ಕಂಡಿರಲಿಲ್ಲ. ಕುರುಗೋಡಿನ ರೈತರಿಗೂ ಅಷ್ಟೇ.

ಮರುದಿನ ಕಂಪ್ಯೂಟರನ್ನು ಬಸ್ಸಿಗೆ ಹಾಕಿಕೊಂಡು ಹೋಗಿ ಪಾರ್ವತಿನಗರದ ಮೇಜಿನ ಮೇಲೆ ಕುಕ್ಕಿದಳು. ಮಾರೆಣ್ಣ ಕಾರ್ಡನ್ನು ಪೂರ್ತಿ ಓದಿ, "ಎಲ್ಲಾ ಸರಿ ಐತಲ್ಲಮ್ಮಾ?" ಅಂದ.

"ಸರಿಯಾಗಿ ನೋಡೋ ಮೂಳಾ!"

ಅವನು ನೋಡಿದ. ಅವನ ನಗೆ ಮೊದಲ ಸಲ ಅಳಿಸಿಹೋಯಿತು. "ಕರೆಂಟು ಹೋಗಿ ಬಂದ್ರ ಇದು ತೆಲುಗಿಗೆ ತಿರುಗತೈತ್ರಿ. ಮ್ಯಾಲಿನ ಗುಂಡಿ ಒತ್ತಿದ್ರ ಮತ್ತ ಕನ್ನಡ. ಅವತ್ತು ಅದನ್ನ ಹೇಳಾಕ ಬಂದೆ, ನೀವ ಬಾಯಿ ಮುಚ್ಚಸಿದ್ರಿ."

ಜಹೀದಾ ಗೋಡೆಯ ಬ್ಯಾನರ್ ತೋರಿಸಿದಳು. "ಒತ್ತದಿದ್ದರೂ ಕನ್ನಡ ಅಂತ ಬರದೀಯಲ್ಲ?"

"ಅದು ಜಾಹೀರಾತು ಅಮ್ಮಾ," ಅಂದ ಮಾರೆಣ್ಣ. ಇಷ್ಟು ತಿಳಿಯದೇ ಎಂಬಂತೆ ಅವಳ ಮುಖ ನೋಡಿದ.

ಜಗತ್ತನ್ನೆಲ್ಲ ಅನುಮಾನಿಸಿದ ಹೆಂಗಸು ಹಳದಿ ಕಾಗದದ ಒಂದು ಸಾಲನ್ನು ಮಾತ್ರ ನಂಬಿದ್ದಳು. ನಾಚಿಕೆಯಿಂದ ಮೈ ಹಿಡಿಯಾಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಮಾರೆಣ್ಣನಲ್ಲ, ಕಾರ್ಡು ಹಿಡಿದು ಬಹಳ ಹೊತ್ತು ನಿಂತಿದ್ದ ಮಗಳು.

ಮನೆ ಸೇರಿದಾಗ ತಬಸ್ಸುಮ್ ಪ್ರೆಸ್ಸಿನಲ್ಲಿ ಕೂತು, ಇದ್ದುದರಲ್ಲಿ ಗಟ್ಟಿ ಮೊಳೆಗಳನ್ನು ಆರಿಸಿ ಕಾರ್ಡನ್ನು ಹೊಸದಾಗಿ ಜೋಡಿಸುತ್ತಿದ್ದಳು.

"ನಿನಗ ಅವತ್ತ ಕಂಡಿತ್ತೇನು?"

"ಕಂಡಿತ್ತು."

"ಮತ್ಯಾಕ ಹೇಳಲಿಲ್ಲ?"

ತಬಸ್ಸುಮ್ ತಲೆ ಎತ್ತಿದಳು. "ಹೇಳಿದ್ರ ಏನಂತಿದ್ದಿ?"

ಏನನ್ನುತ್ತಿದ್ದಳೆಂದು ಜಹೀದಾಗೆ ಚೆನ್ನಾಗಿ ಗೊತ್ತಿತ್ತು. ಮದುವಿ ತಪ್ಪಿಸಾಕ ಹತ್ತೀಯೇನು ಎನ್ನುತ್ತಿದ್ದಳು. ತನ್ನ ಮಗಳೇ ತನ್ನೆದುರು ಬಾಯಿ ಬಿಡಲು ಹೆದರುವಂತೆ ಮಾಡಿಟ್ಟಿದ್ದಳು.

ಗದಗಿಗೆ ಫೋನು ಹಚ್ಚಿದಳು. "ಬೀಗರ, ತಪ್ಪು ನಂದ ಐತಿ. ಅಕ್ಷರ ಬಿಡದ ಓದೀನಿ, ತೆಲುಗು ಅಂತ ಗೊತ್ತ ಆಗಲಿಲ್ಲ. ಖರೇನ ಹೇಳಾಕ ಹತ್ತೀನಿ."

ಅತ್ತ ಕಡೆ ಸಮೀಉಲ್ಲಾ ಕೆಮ್ಮು ಬರುವಷ್ಟು ನಕ್ಕ. "ಗೊತ್ತ ಆಗಲಿಲ್ಲ? ಅಂದಮ್ಯಾಲ ನಾ ಹೇಳಿದ್ದು ಖರೆ ಆತಲ್ರೀ! ಅರ್ಧ ಆಂಧ್ರ!"

"ಹೂನ್ರಿ," ಅಂದಳು ಜಹೀದಾ. ಆ ಮಾತನ್ನು ಕಷಾಯದಂತೆ ನುಂಗಿ ಫೋನು ಇಟ್ಟಳು.

ಮಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹುಡುಗ ಗೊತ್ತಾಗಿ, ನಿಶ್ಚಯವಾಗಿ, ಕಾರ್ಡೂ ಅಚ್ಚಾಗಿ ಹೋಗಿತ್ತು. ಆದರೂ ಕೇಳಬೇಕಾದ ಒಂದನ್ನು ಆಕೆ ಕೇಳಿಯೇ ಇರಲಿಲ್ಲ.

"ತಬಸ್ಸುಮ್, ಈ ಮದುವಿ ನಿನಗ ಬೇಕೇನು?"

ತಬಸ್ಸುಮ್ ಕೈಯಲ್ಲಿದ್ದ ಮೊಳೆಯನ್ನು ಸಾಲಿಗೆ ಕೂರಿಸಿದಳು.

"ಬೇಕು ಅಮ್ಮೀ."

ಜಹೀದಾಳ ನಾಲಿಗೆಯ ತುದಿಗೆ ಅದೇ ಪ್ರಶ್ನೆ ಇನ್ನೊಮ್ಮೆ ಬಂತು. ಹಲ್ಲು ಕಚ್ಚಿ ಹಿಡಿದಳು. ಮುಂದಿನ ಮೊಳೆಯನ್ನು ಆರಿಸಿ ಮಗಳ ಅಂಗೈಗೆ ಇಟ್ಟಳು. ಎರಡನೇ ಸಲ ಕೇಳಲಿಲ್ಲ.