ಒಂಬತ್ತು ವ್ಯಾಟಿನ ಭಾವ

ನಮ್ಮ ಭಾವ ಯಾವ ಬಾಗಿಲನ್ನೂ ಒಂದೇ ಉಸಿರಿಗೆ ದಾಟುವವರಲ್ಲ. ಹೊಸ್ತಿಲ ಮುಂದೆ ಅರೆಗಳಿಗೆ ನಿಂತು, ತಲೆ ತಗ್ಗಿಸಿ, ಒಳಗಿನ ನೆಲವನ್ನೊಮ್ಮೆ ನೋಡಿ, ಅದು ಇರಬೇಕಾದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆಯೇ ಕಾಲೆತ್ತುತ್ತಾರೆ. ಮದುವೆಯಾದ ಹೊಸತರಲ್ಲಿ ಇದನ್ನು ಕಂಡು ನಮ್ಮ ಅಮ್ಮ, ಅಳಿಯನಿಗೆ ಕಣ್ಣು ಮಂದವೇನೋ ಎಂದು ಅಕ್ಕನನ್ನು ಮೂಲೆಗೆ ಕರೆದು ಕೇಳಿದ್ದರು. ಕಣ್ಣು ಸೂಜಿಯ ಮೊನೆಯಂಥದ್ದು. ಲಿಫ್ಟುಗಳನ್ನು ರಿಪೇರಿ ಮಾಡುವವರ ಮೈಯ ಅಭ್ಯಾಸ ಅದು, ಒಟ್ಟು ಮೂವತ್ತೊಂದು ವರ್ಷ ಅವರು ಮಾಡಿದ್ದು ಅದೇ ಕೆಲಸ. "ಬಾಗಿಲು ತೆಗೀತು ಅಂದ ಮಾತ್ರಕ್ಕೆ ಒಳಗೆ ನೆಲ ಇರುತ್ತೆ ಅಂತ ಏನು ಗ್ಯಾರಂಟಿ?" ಎಂದು ಭಾವ ಅಮ್ಮನನ್ನೇ ತಿರುಗಿ ಕೇಳಿದ್ದರಂತೆ. ಅಮ್ಮ ಅಂದಿನಿಂದ ಲಿಫ್ಟ್ ಹತ್ತುವುದನ್ನೇ ಬಿಟ್ಟರು.

ನಡೆ ನಿಧಾನ, ಮಾತು ಅದಕ್ಕಿಂತ ನಿಧಾನ. ಮೈಮೇಲೆ ಮೊಣಕಾಲು ಮುಟ್ಟುವ ಬೂದು ಬಣ್ಣದ ಕೋಟು. ಅದರ ಎಡ ಜೇಬಿನಲ್ಲಿ ಟಾರ್ಚು, ಬಲ ಜೇಬಿನಲ್ಲಿ ಧೂಳು ತೆಗೆಯಲು ಸವೆದ ಹಲ್ಲುಜ್ಜುವ ಬ್ರಷ್ಷು. ಅಕ್ಕ ಆ ಕೋಟನ್ನು ಮೂರು ಸಲ ಬಚ್ಚಿಟ್ಟಿದ್ದಾಳೆ, ಮೂರು ಸಲವೂ ಅದು ತನ್ನ ಮೊಳೆಯನ್ನು ತಾನೇ ಹುಡುಕಿಕೊಂಡು ಬಂದಿದೆ. ಯಾವ ಯಂತ್ರ ಕೆಟ್ಟರೂ, ಯಾವ ಮನುಷ್ಯ ಕೆರಳಿದರೂ ಭಾವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಇರಿ, ಕೇಳೋಣ." ಕೇಳುವುದೆಂದರೆ ಅವರಿಗೆ ಬರಿಯ ಕಿವಿಯ ಕೆಲಸವಲ್ಲ. ಯಾರ ಮನೆಗೆ ಹೋದರೂ ಗೋಡೆಗೆ ಸಿಕ್ಕಿಸಿದ ಚಾರ್ಜರುಗಳನ್ನು, ಜ್ವರದ ಮಗುವಿನ ಹಣೆ ಮುಟ್ಟುವಂತೆ, ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ. "ಬಿಸಿ ಅಂದ್ರೆ ಸೋರಿಕೆ ಕಣಮ್ಮ. ನಲ್ಲಿ ತೊಟ್ಟಿಕ್ಕಿದ್ರೆ ಓಡಿ ಹೋಗಿ ತಿರುಗಿಸ್ತೀವಿ. ಇದು ತೊಟ್ಟಿಕ್ಕೋದು ಕಣ್ಣಿಗೆ ಕಾಣಲ್ಲ, ಅಷ್ಟೇ."

ಇಂಥವರು ಮನೆಯಲ್ಲೇ ಸರ್ವರ್, ಅಂದರೆ ಫೋಟೋಗಳನ್ನು ಕಾದಿಡುವ ಕಂಪ್ಯೂಟರು, ಕಟ್ಟಿ ಕೂರಲು ಒಂದು ಪತ್ರ ಕಾರಣವಾಯಿತು. ಮನೆಯ ಫೋಟೋಗಳನ್ನೆಲ್ಲ ಅವರು ಯಾವುದೋ ಕಂಪನಿಯ ದೂರದ ಕಂಪ್ಯೂಟರುಗಳಲ್ಲಿ ಇರಿಸಿದ್ದರು. ಆ ಕಂಪನಿ ಅಂಗಡಿ ಮುಚ್ಚುವ ಮುನ್ನ ಇಂತಿಷ್ಟು ದಿನದೊಳಗೆ ನಿಮ್ಮ ವಸ್ತು ಕೊಂಡೊಯ್ಯಿರಿ ಎಂದು ಇಮೇಲ್ ಕಳಿಸಿತು; ಅಕ್ಕ ಅದನ್ನು ಜಾಹೀರಾತು ಎಂದುಕೊಂಡು ಅಳಿಸಿ ಹಾಕಿದಳು. ಆರು ವರ್ಷದ ಚಿತ್ರಗಳು ಹೋದವು. ಅಮ್ಮ ಕೊನೆಯ ಬಾರಿ ಬಂದಾಗ ಅಕ್ಕನ ಹೊಲಿಗೆ ಯಂತ್ರದ ಮುಂದೆ ಕೂತು, ಎರಡೂ ಕಾಲಿನಿಂದ ತುಳಿಯುತ್ತ ನಕ್ಕ ಚಿತ್ರವೂ ಹೋಯಿತು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಭಾವ ಒಂದು ಗಡಸು ಮಾತು ಆಡಲಿಲ್ಲ. "ತಪ್ಪು ನಂದೇ. ಬೇರೆಯವರ ಕಟ್ಟಡದಲ್ಲಿ ನಮ್ಮ ಪೆಟ್ಟಿಗೆ ಇಟ್ಟು, ಬೀಗದ ಕೈ ನಮ್ಮ ಹತ್ರ ಇದೆ ಅಂದ್ಕೊಂಡಿದ್ದೆ" ಎಂದು ಕೋಟು ತೊಟ್ಟು ಹೊರಟರು.

ಸಂಜೆ ಹೊತ್ತಿಗೆ ಯಾವುದೋ ಕಚೇರಿ ಬಿಸಾಡಿದ, ಕಬ್ಬಿಣದ ಟ್ರಂಕಿನಷ್ಟು ದೊಡ್ಡ ಸರ್ವರೊಂದನ್ನು ಕೈಗಾಡಿಯಲ್ಲಿ ತಂದರು. ಗುಂಡಿ ಒತ್ತಿದ್ದೇ ತಡ ಅದು ಹಿಟ್ಟಿನ ಗಿರಣಿಯಂತೆ ಬೊಬ್ಬಿಟ್ಟಿತು. ಅಕ್ಕ ಹೊಲಿಗೆ ಕೆಲಸದವಳು. ಸೂಜಿ ಬಟ್ಟೆಗೆ ಇಳಿಯುವ ಸದ್ದಿನಿಂದಲೇ ದಾರದ ಬಿಗಿ ಅಳೆಯುವವಳು. ತನ್ನ ಯಂತ್ರದ ಸದ್ದು ತನಗೇ ಕೇಳಿಸದೆ ಎಂಟು ದಿನ ತಡೆದುಕೊಂಡಳು. ಒಂಬತ್ತನೆಯ ದಿನ ಗಿರಾಕಿಯೊಬ್ಬರ ಅಂಗಿಯ ತೋಳಿಗೆ ಕಾಲರ್ ಹೊಲಿದಿಟ್ಟಳು.

"ರೀ, ಒಂದೋ ಈ ಗಿರಣಿ ಇರಬೇಕು, ಇಲ್ಲ ನಾನಿರಬೇಕು."

"ಸದ್ದಿಲ್ಲದ್ದನ್ನ ಕಟ್ತೀನಿ ಕಣೇ."

"ಸದ್ದು ಒಂದೇ ಅಲ್ಲ. ಇಡೀ ಕೋಣೆ ಬಾಣಲೆ ಥರ ಕಾದಿದೆ. ಈ ಮನೇಲಿ ಹಗಲೂ ರಾತ್ರಿ ಉರಿಯೋದು ಆ ಮೆಟ್ಟಿಲ ದೀಪ ಒಂದೇ. ಎಷ್ಟು ಅದು?"

"ಒಂಬತ್ತು ವ್ಯಾಟು."

"ಅದಕ್ಕಿಂತ ಒಂದು ಕೂದಲು ಜಾಸ್ತಿ ತಿಂದ್ರೂ ನಿಮ್ಮ ಡಬ್ಬಿ ಹೊರಗೆ. ಮೂವತ್ತು ದಿನದ ಸರಾಸರಿ ನೋಡೋಣ. ಸೋತ್ರೆ ಆಮೇಲೆ ಈ ಮನೆಗೆ ಒಂದು ಸ್ಕ್ರೂ ಕೂಡ ತರಬಾರದು."

ಭಾವ ಒಪ್ಪಿದರು. ನಾನು ಅಕ್ಕನಿಗೆ ಗುಂಡಿ ಹೊಲಿದುಕೊಡಲು ದಿನಾ ಮಧ್ಯಾಹ್ನ ಎರಡು ಬೀದಿ ದಾಟಿ ಬರುವವಳು, ಹಾಗಾಗಿ ಈ ಪಂದ್ಯಕ್ಕೆ ನಾನೇ ಸಾಕ್ಷಿ. ಅಲ್ಲಿದ್ದ ಇನ್ನೊಬ್ಬರು ಭಾವನ ಅಣ್ಣ. ಮೇಲ್ಮಹಡಿಯಲ್ಲಿ ಒಬ್ಬರೇ ಇರುವವರು, ನಲವತ್ತು ವರ್ಷ ಬೀದಿಯ ತುದಿಯಲ್ಲಿ ಫೋಟೋ ಸ್ಟುಡಿಯೋ ನಡೆಸಿ ಹೋದ ವರ್ಷ ಬಾಗಿಲು ಹಾಕಿದವರು. ಆಮೇಲೆ ಅವರಿಗೆ ಉಳಿದದ್ದು ನಾಲಿಗೆ ಒಂದೇ ಎಂಬಂತೆ ಮೆಟ್ಟಿಲ ಮೇಲೆ ಕೂತು ಎಲ್ಲರನ್ನೂ ಕೆಣಕುತ್ತಿದ್ದರು.

"ಲೋ, ನಿನ್ನ ಡಬ್ಬಿ ಲಿಫ್ಟ್ ಥರ ಮಧ್ಯದಲ್ಲಿ ನಿಂತ್ರೆ ಒಳಗಿರೋ ಫೋಟೋಗಳನ್ನ ಯಾರೋ ಬಿಡಿಸೋದು?"

"ನಿನ್ನ ನೆಗೆಟಿವ್‌ಗಳನ್ನೂ ಇದರಲ್ಲಿ ಇಟ್ಕೊಳೋ ಅಣ್ಣ. ಜಾಗ ಬೇಕಾದಷ್ಟಿದೆ."

"ಅವು ಬಿಸ್ಕತ್ತಿನ ಡಬ್ಬೀಲಿ ನೆಮ್ಮದಿಯಾಗಿವೆ. ಅದು ಒಂದು ವ್ಯಾಟೂ ಕೇಳಲ್ಲ."

ಭಾವ ಕಟ್ಟಿದ ಬಗೆ ನೋಡುವಂತಿತ್ತು. ಮಿದುಳಿಗೆ ಅಂಗೈಯಗಲದ ಒಂದು ಹಳೆಯ ಕಂಪ್ಯೂಟರು, ಫ್ಯಾನೇ ಇಲ್ಲದ್ದು. ಅದಕ್ಕೆ ಮೊದಲು ಸಿಕ್ಕಿಸಿದ್ದ ದೊಡ್ಡ ಪವರ್ ಸಪ್ಲೈ ಸುಮ್ಮನೆ ಕೂತೇ ಹತ್ತಾರು ವ್ಯಾಟು ಕುಡಿಯುತ್ತಿತ್ತು. "ಛತ್ರದ ಒಲೆ ಹಚ್ಚಿ ಒಂದು ಲೋಟ ಹಾಲು ಕಾಯಿಸಿದ ಹಾಗಾಯ್ತು" ಎಂದು ಅದನ್ನು ಕಿತ್ತು, ಬೆರಳುದ್ದದ ಒಂದನ್ನು ಹಾಕಿದರು. ಬೇಡದ ದೀಪ, ಬೇಡದ ಸೌಂಡ್ ಚಿಪ್ಪು, ತಂತಿ ಸಿಕ್ಕಿಸುವ ಬೇಡದ ಕಿಂಡಿಗಳನ್ನು ಒಂದೊಂದಾಗಿ ಬಂದ್ ಮಾಡುತ್ತ, ಗೋಡೆಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸಿದ ಪುಟ್ಟ ಮೀಟರಿನಲ್ಲಿ ಅರ್ಧರ್ಧ ವ್ಯಾಟು ಇಳಿಯುವುದನ್ನು ನೋಡಿ ಹಿಗ್ಗುತ್ತಿದ್ದರು. ಕೊನೆಗೆ ಉಳಿದದ್ದು ಫೋಟೋಗಳನ್ನು ಹೊರುವ ಎರಡು ಡಿಸ್ಕುಗಳು. ಅವು ಒಳಗೆ ಚಕ್ರದಂತೆ ತಿರುಗುವಂಥವು, ತಿರುಗಿದಷ್ಟೂ ಹೊಟ್ಟೆಬಾಕರು. ಅದಕ್ಕೆ ಭಾವ ಕಂಡುಕೊಂಡ ಉಪಾಯ ನಿದ್ದೆ. ಹತ್ತು ನಿಮಿಷ ಯಾರೂ ಫೋಟೋ ಹಾಕಿ, ತೆಗೆದು ಮಾತಾಡಿಸದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸಿ ಮಲಗಬೇಕು, ಕರೆದರಷ್ಟೇ ಏಳಬೇಕು.

ಅಲ್ಲಿಂದ ಮನೆಯ ಭಾಷೆಯೇ ಬದಲಾಯಿತು. "ಮಲಗಿತಾ?" "ಈಗ ತಾನೇ ಮಲಗ್ತು." "ಅಯ್ಯೋ, ಎದ್ಬಿಡ್ತಲ್ಲಪ್ಪಾ!" ಒಂದು ದಿನ ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬರು ಜೋರಾಗಿ ಮಾತಾಡುತ್ತಿದ್ದಾಗ ಭಾವ ಒಳಗಿಂದ "ಶ್! ಎರಡೂ ಮಲಗಿವೆ" ಎಂದರು. ಆಕೆ ಬಾಯಿಗೆ ಕೈಯಿಟ್ಟುಕೊಂಡು, ಅಕ್ಕನ ನರೆತ ತಲೆಯನ್ನೂ ನನ್ನ ಮುಖವನ್ನೂ ನೋಡಿ, "ಅವಳಿ ಮೊಮ್ಮಕ್ಕಳಾ? ಹೇಳಲೇ ಇಲ್ಲ!" ಎಂದು ಪಿಸುಗುಟ್ಟಿದರು. ಮುಂದಿನ ವಾರ ಎರಡು ಉಣ್ಣೆಯ ಟೊಪ್ಪಿಗೆ ಹೆಣೆದು ತಂದೂ ಕೊಟ್ಟರು. ಭಾವ ಗಂಭೀರವಾಗಿ ತೆಗೆದುಕೊಂಡು, ಅವುಗಳನ್ನು ಡಿಸ್ಕಿಗೆ ತೊಡಿಸಿದರೆ ಬಿಸಿಯಾಗುತ್ತದೆ ಎಂದು ಕೋಟಿನ ಜೇಬಿನಲ್ಲಿಟ್ಟುಕೊಂಡರು.

ಒಂಬತ್ತು ದಿನ ಮೀಟರು ಏಳೂವರೆಯ ಆಸುಪಾಸಿನಲ್ಲಿ ಸಾಧುವಾಗಿತ್ತು. ಹತ್ತನೆಯ ದಿನ ಸರಾಸರಿ ಹನ್ನೊಂದು ದಾಟಿತು. ಡಿಸ್ಕುಗಳು ಹಗಲೆಲ್ಲ ಎದ್ದೇಳುತ್ತಿದ್ದವು. ಮಲಗಿ ಒಂದೇ ನಿಮಿಷವಾಗಿರುತ್ತಿತ್ತು, ಮತ್ತೆ ಎದ್ದು ಗಿರ್ರೆನ್ನುತ್ತಿದ್ದವು. ಭಾವ ತಂತಿ ಬದಲಿಸಿದರು, ಡಬ್ಬಿ ಬಿಚ್ಚಿ ಬ್ರಷ್ಷು ಆಡಿಸಿದರು, ನಿದ್ದೆಯ ವ್ಯವಸ್ಥೆಯನ್ನೇ ಮೊದಲಿನಿಂದ ಬರೆದರು. ಒಮ್ಮೆ ಅಕ್ಕನ ಇಸ್ತ್ರಿಪೆಟ್ಟಿಗೆಯ ಮೇಲೂ ಅನುಮಾನಪಟ್ಟರು. ಅಕ್ಕ ಏಕೋ ಆ ದಿನಗಳಲ್ಲಿ ಪಂದ್ಯದ ಮಾತೆತ್ತಿದರೆ ದಾರ ಕಡಿಯಲು ಬಗ್ಗುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಅವಳು ಗುಂಡಿ ತರಲು ಪೇಟೆಗೆ ಹೋಗಿದ್ದಾಗ ಭಾವ ಬಂದು ನನ್ನೆದುರು ಕೂತರು. ಡಬ್ಬಿ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ಅವರು ಸಾಲುಸಾಲಾಗಿ ಓದಿದ್ದರು.

"ಹನ್ನೊಂದು ನಿಮಿಷಕ್ಕೊಂದು ಸಲ ಕಣಮ್ಮ. ಹೆಚ್ಚು ಆಚೀಚೆ ಇಲ್ಲ. ಇದು ಹತ್ತಕ್ಕೆ ಮಲಗುತ್ತೆ, ಹನ್ನೊಂದಕ್ಕೆ ಯಾರೋ ಬಾಗಿಲು ತಟ್ತಾರೆ. ಬೇಕೂಂತ ಮಾಡಿದ್ರೂ ಇಷ್ಟು ಚೆನ್ನಾಗಿ ಕಾಟ ಕೊಡಕ್ಕಾಗಲ್ಲ."

"ಯಾರು ಭಾವ?"

ಅವರು ಬೆರಳು ಮೇಲೆತ್ತಿ ಸೂರು ತೋರಿಸಿದರು. "ಇರು, ಕೇಳೋಣ."

ಕೇಳಿದೆವು. ಮೇಲೆ ಕುರ್ಚಿ ಎಳೆದ ಸದ್ದು. ನಾಲ್ಕು ಹೆಜ್ಜೆ. ಯಾವುದೋ ಮುಚ್ಚಳ ಬಿದ್ದ ಸದ್ದು. ಆಮೇಲೆ ಉದ್ದಕ್ಕೂ ಒಂದು ಸಣ್ಣ ಗುಂಯ್. ಅಣ್ಣ ಸ್ಟುಡಿಯೋದ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನರಿಗೆ ಹಾಕುತ್ತಿದ್ದರು. ಒಂದು ಪಟ್ಟಿ ಮುಗಿಯಲು ಹನ್ನೊಂದು ನಿಮಿಷ. ಮುಗಿದದ್ದು ನೇರವಾಗಿ ಕೆಳಗಿನ ಡಬ್ಬಿಗೆ ಬರುತ್ತಿತ್ತು. ಭಾವ ಪರದೆಯಲ್ಲಿ ತೋರಿಸಿದರು. ಮದುವೆ ಮೆರವಣಿಗೆ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಗುರುತಿನ ಚೀಟಿಗೆಂದು ತೆಗೆಸಿಕೊಂಡ ಅಂಗುಲದ ಮುಖಗಳು. ಬಿಳಿ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತ ಇಡೀ ಬೀದಿ. ಅವರಲ್ಲೊಬ್ಬರು ನಮ್ಮ ಅಮ್ಮ. ನಗಬೇಡಿ ಎಂದು ಹೇಳಿದ್ದಕ್ಕೇ ತುಟಿಯಂಚಿನಲ್ಲಿ ನಗು ತಡೆಹಿಡಿದಿದ್ದರು. ಕೈಯ ಸೂಜಿ ಕೆಳಗಿಟ್ಟೆ. ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಸ್ಟುಡಿಯೋ ಮುಚ್ಚಿದ ಮೇಲೆ ಅವನು ಆ ಕೋಣೇಲಿ ಓಡಾಡಿದ್ದೇ ನಾನು ಕೇಳಿರಲಿಲ್ಲ" ಎಂದರು ಭಾವ. "ಮಲಗಿಯೇ ಇರ್ತಿದ್ದ. ಈಗ ಎದ್ದಿದ್ದಾನೆ. ನಾನು ಹೋಗಿ ಅಣ್ಣ, ನಿನ್ನಿಂದ ನನ್ನ ಪಂದ್ಯ ಹೋಗ್ತಿದೆ ಅಂದ್ರೆ ಇವತ್ತೇ ನಿಲ್ಲಿಸ್ತಾನೆ. ಅವನ ಬಿಂಕ ನಿಂಗೆ ಗೊತ್ತಲ್ಲ."

"ಹೇಳದಿದ್ರೆ ಡಬ್ಬಿ ಹೊರಗೆ ಹೋಗುತ್ತಲ್ಲ ಭಾವ?"

"ಅದೇ." ಪರದೆ ಆರಿಸಿ, "ಯಾರಿಗೂ ಹೇಳ್ಬೇಡ" ಎಂದು ಎದ್ದರು.

ಅವರು ಒಳಗೆ ಹೋದ ಕಾಲುಗಂಟೆಗೆ ಅಕ್ಕ ಗುಂಡಿ ತಂದಳು. ಗುಂಡಿ ಸುರಿಯುತ್ತಲೇ ತನ್ನ ಹೊಟ್ಟೆಯೊಳಗಿನದನ್ನೂ ಸುರಿದಳು: ಅಣ್ಣನಿಗೆ ಡಬ್ಬಿಯ ಪಾಸ್‌ವರ್ಡು ಕೊಟ್ಟವಳು ಅವಳೇ. ಮೆಟ್ಟಿಲ ಮೇಲೆ ಅಣ್ಣ ನಿಲ್ಲಿಸಿ, ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುತ್ತಿದೆ, ನಿನ್ನ ಗಂಡನಿಗೆ ಮಾತ್ರ ಹೇಳಬೇಡಮ್ಮ ಎಂದಿದ್ದರಂತೆ. "ಪಂದ್ಯ ಕಟ್ಟಿದವಳೂ ನಾನೇ, ಕೆಡಿಸ್ತಿರೋಳೂ ನಾನೇ. ಯಾರಿಗೂ ಹೇಳ್ಬೇಡ್ವೇ." ಒಂದೇ ಮಧ್ಯಾಹ್ನ ಎರಡು ಗುಟ್ಟು ನುಂಗಿದ ನಾನು ಆ ದಿನ ಅಂಗಿಯೊಂದಕ್ಕೆ ಗುಂಡಿಗಳನ್ನೆಲ್ಲ ಒಳಗಡೆಗೆ ಹೊಲಿದೆ.

ಮರುದಿನ ಭಾವನ ಮುಖ ಅರಳಿತ್ತು. ಉಪಾಯ ಲಿಫ್ಟಿನಿಂದಲೇ ಹೊಳೆದಿತ್ತು. ಒಬ್ಬೊಬ್ಬರು ಗುಂಡಿ ಒತ್ತಿದಾಗಲೂ ಒಂದೊಂದು ಸಲ ಮೇಲೆ ಓಡುವ ಲಿಫ್ಟು ದಡ್ಡ ಲಿಫ್ಟು. ಜಾಣ ಲಿಫ್ಟು ಕೆಳಗೆ ಜನ ಕೂಡಲಿ ಎಂದು ಕಾಯುತ್ತದೆ. ಅವರು ಡಬ್ಬಿಗೆ ತಿರುಗದ, ಸದ್ದಿಲ್ಲದ, ಬಿಸ್ಕತ್ತಿನಷ್ಟಗಲದ ಇನ್ನೊಂದು ಡಿಸ್ಕು ಸೇರಿಸಿದರು. ಮೇಲಿನಿಂದ ಇಳಿದು ಬರುವ ಮುಖಗಳೆಲ್ಲ ಹಗಲು ಅಲ್ಲಿ ಕಾಯುತ್ತ ಕೂರಬೇಕು. ಬೆಳಿಗ್ಗೆ ಐದಕ್ಕೆ ದೊಡ್ಡ ಡಿಸ್ಕುಗಳು ಒಂದೇ ಸಲ ಎದ್ದು, ಎಲ್ಲರನ್ನೂ ಒಳಗೆ ಕರೆದುಕೊಂಡು, ಮತ್ತೆ ಮಲಗಬೇಕು. ಮೀಟರು ಏಳೂವರೆಗೆ ಇಳಿಯಿತು. ಮೇಲೆ ಕುರ್ಚಿ ಎಳೆಯುವ ಸದ್ದು ಮಾತ್ರ ಹಾಗೆಯೇ ಇತ್ತು.

ಆದರೆ ಹದಿಮೂರು ದಿನದ ಹೊಟ್ಟೆಬಾಕತನ ಅಷ್ಟು ಸುಲಭಕ್ಕೆ ಅಳಿಯುವಂಥದ್ದಲ್ಲ. ಮೂವತ್ತನೆಯ ದಿನ ಅಕ್ಕ ಮೀಟರಿನ ಮುಂದೆ ಮೊಣಕಾಲೂರಿದಳು. ಒಟ್ಟು ಸರಾಸರಿ: ಒಂಬತ್ತೂಕಾಲು.

"ಸೋತೆ" ಎಂದರು ಭಾವ. "ನನ್ನ ಲೆಕ್ಕ ತಪ್ಪಿತ್ತು." ಸ್ಕ್ರೂ ಡ್ರೈವರ್ ತೆಗೆದು ಡಬ್ಬಿಯ ಮುಂದೆ ಕೂತರು. ಅಣ್ಣನ ಹೆಸರು ನಾಲಿಗೆಯ ತುದಿಗೂ ಬರಲಿಲ್ಲ.

ಅಕ್ಕ ಅವರನ್ನೇ ನೋಡಿದಳು. "ರೀ, ಮೆಟ್ಟಿಲ ದೀಪ ಒಂಬತ್ತು ಅಂತ ಯಾರು ಹೇಳಿದ್ದು?"

"ಬಲ್ಬಿನ ಮೇಲೇ ಬರೆದಿದೆಯಲ್ಲೇ."

"ಬರೆದಿದ್ರೆ ಆಯ್ತಾ? ನೀವು ಅಳೆದು ನೋಡಿದ್ರಾ?"

ಭಾವನ ಕೈ ಅಲ್ಲೇ ನಿಂತಿತು. ಊರೆಲ್ಲರ ಮನೆಯ ಚಾರ್ಜರು ಮುಟ್ಟಿ ಬಂದ ಮನುಷ್ಯ ತನ್ನ ಮನೆಯ ಆ ಒಂದು ಬಲ್ಬನ್ನು ಅಚ್ಚಾದ ಅಕ್ಷರ ನಂಬಿ ಬಿಟ್ಟಿದ್ದರು. ಅಕ್ಕ ಹೊಲಿಗೆ ಮೇಜಿನ ಖಾನೆಯಿಂದ ತಂತಿ ಕಟ್ಟಿದ ಬಲ್ಬಿನ ಹೋಲ್ಡರೊಂದನ್ನು ತೆಗೆದಳು; ಅದು ಆಗಲೇ ಸಿದ್ಧವಾಗಿತ್ತು. ಬಲ್ಬು ಬಿಚ್ಚಿ ತಂದು ಮೀಟರಿಗೆ ಸಿಕ್ಕಿಸಿದರು. ಅಂಕಿ ನಡುಗಿ ನಡುಗಿ ಹತ್ತೂಕಾಲಿಗೆ ನಿಂತಿತು.

"ದೀಪಕ್ಕಿಂತ ಜಾಸ್ತಿ ತಿನ್ನಬಾರದು ಅಂದಿದ್ದೆ. ತಿಂದಿಲ್ಲ" ಎಂದಳು ಅಕ್ಕ. "ಇರಲಿ ಬಿಡಿ, ಮೂಲೇಲಿ."

ಭಾವ ಹೋಲ್ಡರಿನ ಗಂಟನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಲಿಫ್ಟಿನವರು ಕಟ್ಟುವ ಗಂಟಲ್ಲ ಅದು, ಹೊಲಿಗೆಯವರು ದಾರದ ತುದಿಗೆ ಹಾಕುವ ಗಂಟು. ಯಾವಾಗ ಅಳೆದೆ, ಏಕೆ ಅಳೆದೆ ಎಂದು ಅವರು ಕೇಳಲಿಲ್ಲ. ಅಷ್ಟರಲ್ಲಿ ಮೆಟ್ಟಿಲಿಂದ ಕೂಗು ಬಂತು: "ಯಾರೋ ಅದು ದೀಪ ಕಿತ್ತಿದ್ದು? ಕತ್ತಲೇಲಿ ಬಿದ್ದು ಸಾಯ್ಲಾ? ನಿನ್ನ ಡಬ್ಬಿ ಇನ್ನೂ ಸತ್ತಿಲ್ವೇನೋ?"

"ಇಲ್ಲ ಅಣ್ಣ, ಮಲಗಿದೆ."

"ಮಲಗ್ಲಿ, ಮಲಗ್ಲಿ" ಎಂದರು ಅಣ್ಣ, ದನಿ ತಗ್ಗಿಸಿ.

ಕಾಯುವವರು ಎಂದರೆ ಎಚ್ಚರವಾಗಿ, ಕಣ್ಣು ಕೆಂಪಗೆ ಮಾಡಿಕೊಂಡು, ತಾವು ಕಾಯುತ್ತಿರುವುದು ಎಲ್ಲರಿಗೂ ತಿಳಿಯುವಂತೆ ನಿಂತವರು ಎಂದು ನಾನು ಬಹುಕಾಲ ನಂಬಿದ್ದೆ. ಇನ್ನೊಂದು ಬಗೆಯವರೂ ಇದ್ದಾರೆ. ಅವರು ಜಾಗ ಕೇಳುವುದು ಕಡಿಮೆ, ಸದ್ದು ಮಾಡುವುದು ಇನ್ನೂ ಕಡಿಮೆ. ನಾವು ಕೊಟ್ಟದ್ದನ್ನು ಯಾರದೆಂದು ಕೂಡ ಕೇಳದೆ ಒಳಗಿಟ್ಟುಕೊಂಡು, ಕರೆದ ದಿನ ಧೂಳು ಕೂರದಂತೆ ತಂದುಕೊಡುತ್ತಾರೆ. ತಮ್ಮ ಸೋಲಿನಲ್ಲಿ ಇನ್ನೊಬ್ಬರ ಮಾನವನ್ನೂ ಅಷ್ಟೇ ಸದ್ದಿಲ್ಲದೆ ಇಟ್ಟುಕೊಂಡಿರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ನನ್ನವರನ್ನೆಲ್ಲ ಕಾಪಾಡಪ್ಪಾ ಎಂದು ಬೇಡುವಾಗ, ಆ ಕೆಲಸಕ್ಕೆ ದೇವರು ಬಳಸುವ ಕೈಗಳು ಬಹುಶಃ ಇಂಥವರವೇ ಇರಬೇಕು ಎಂದು ಈಚೆಗೆ ನನಗನ್ನಿಸುತ್ತದೆ.